ದಿನಕ್ಕೊಂದು ವಾಕ್ಯ: ಹೆರ್ನ್‌ಹುಟ್ಟಿನ ನಿತ್ಯವಚನ ಸಂಪ್ರದಾಯ

ಧರ್ಮಗ್ರಂಥವನ್ನು ನಿತ್ಯವೂ ಓದುವುದರಲ್ಲಿ ಎರಡು ಬಗೆಗಳಿವೆ. ಆದಿಯಿಂದ ಅಂತ್ಯದವರೆಗೆ ಕ್ರಮವಾಗಿ ಓದುವುದು ಒಂದು. ನಮ್ಮಲ್ಲಿ ಇದಕ್ಕೆ ಪಾರಾಯಣವೆಂದು ಹೆಸರು. ಒಂದೇ ವಾಕ್ಯವನ್ನು ಹಿಡಿದು ದಿನವೆಲ್ಲ ಅದನ್ನು ಮನಸ್ಸಿನಲ್ಲಿ ತಿರುವಿಹಾಕುವುದು ಇನ್ನೊಂದು, ಇದು ಮನನ. ಕ್ರೈಸ್ತರಲ್ಲಿಯೂ ಈ ಎರಡು ಬಗೆಗಳು ಬಹುಕಾಲದಿಂದ ಒಂದರ ಪಕ್ಕದಲ್ಲೊಂದು ನಡೆದುಬಂದಿವೆ, ಕೆಲವೊಮ್ಮೆ ಒಂದನ್ನೊಂದು ವಿರೋಧಿಸಿಯೂ ಇವೆ. ಎರಡನೆಯ ಬಗೆಗೆ ಸೇರಿದ, ಸುಮಾರು ಮುನ್ನೂರು ವರ್ಷಗಳ ಇತಿಹಾಸವುಳ್ಳ ಒಂದು ಸಂಪ್ರದಾಯವನ್ನು ನಾವು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಹೆರ್ನ್‌ಹುಟ್ ಇದರ ಜನ್ಮಸ್ಥಳ. ಮೊರೇವಿಯಾದಿಂದ ಮತಪೀಡೆಗೆ ಅಂಜಿ ಓಡಿಬಂದವರಿಗೆ ಕೌಂಟ್ ತ್ಸಿಂಜೆನ್‌ಡಾರ್ಫನು ತನ್ನ ಜಹಗೀರಿನಲ್ಲಿ ನೆಲೆ ಕೊಟ್ಟದ್ದರಿಂದ 1722ರಲ್ಲಿ ಈ ಊರು ಹುಟ್ಟಿತು. ಬಂದವರೆಲ್ಲ ಒಂದೇ ಮತದವರಾಗಿರಲಿಲ್ಲ. ಮೊರೇವಿಯದ ಪುರಾತನ ಸಹೋದರಸಂಘದ ವಂಶಸ್ಥರ ಜೊತೆಗೆ ಲೂಥರನ ಅನುಯಾಯಿಗಳೂ ಕ್ಯಾಲ್ವಿನನ ಅನುಯಾಯಿಗಳೂ ಅಲ್ಲಿದ್ದರು. ಕೆಲವೇ ವರ್ಷಗಳಲ್ಲಿ ಆ ಚಿಕ್ಕ ಊರು ಕಲಹದ ಮನೆಯಾಯಿತು. 1727ರಲ್ಲಿ ಊರಿಗೆ ಕಟ್ಟಳೆಗಳನ್ನು ಮಾಡಿ, ಆಗಸ್ಟ್ 13ರಂದು ಎಲ್ಲರೂ ಒಟ್ಟಿಗೆ ಪ್ರಭುಭೋಜನದಲ್ಲಿ ಭಾಗವಹಿಸಿದ ಮೇಲೆ ಮನಸ್ಸುಗಳು ಕೂಡಿದುವು. 1728ರ ಮೇ 3ರ ಸಂಜೆ ಹಾಡುವ ಕೂಟದಲ್ಲಿ ತ್ಸಿಂಜೆನ್‌ಡಾರ್ಫನು ಮರುದಿನಕ್ಕೆಂದು ಒಂದು ಹಾಡಿನ ಸಾಲನ್ನು ಸಭೆಗೆ ಕೊಟ್ಟನು. ಅಂದಿನಿಂದ ಪ್ರತಿದಿನವೂ ಯಾರಾದರೊಬ್ಬರು ಊರಿನ ಮೂವತ್ತೆರಡು ಮನೆಗಳಿಗೆ ಹೋಗಿ ಆ ದಿನದ ವಾಕ್ಯವನ್ನು ತಿಳಿಸಿಬರುವ ರೂಢಿ ಬೆಳೆಯಿತು. ವಾಕ್ಯವನ್ನು ಒಯ್ದವನು ಆ ಮನೆಯ ಸುಖದುಃಖವನ್ನೂ ವಿಚಾರಿಸುತ್ತಿದ್ದನು. ಈ ಸಂಪ್ರದಾಯ ಆರಂಭದಲ್ಲಿ ಏಕಾಂತದ ಭಕ್ತಿಯಾಗಿರಲಿಲ್ಲ, ನೆರೆಹೊರೆಯವರನ್ನು ಕೂಡಿಸುವ ಉಪಾಯವಾಗಿತ್ತು ಎಂಬುದನ್ನು ಮರೆಯತಕ್ಕದ್ದಲ್ಲ.

ಇದಕ್ಕೆ ಅವರಿಟ್ಟ ಹೆಸರು ‘ಲೋಸುಂಗ್’. ಸೈನ್ಯದ ಪಾಳೆಯದಲ್ಲಿ ಕಾವಲುಗಾರರು ಪರಸ್ಪರ ಗುರುತಿಸಿಕೊಳ್ಳಲು ಬಳಸುವ ಸಂಕೇತಪದವೆಂದು ಅದರ ಅರ್ಥ. ಚೀಟಿ ಎತ್ತುವುದಕ್ಕೆ ಜರ್ಮನ್ ಭಾಷೆಯಲ್ಲಿರುವ ‘ಲೋಸ್’ ಎಂಬ ಶಬ್ದವೂ ಅದರಲ್ಲಿ ಕೇಳಿಬರುತ್ತದೆ. ಮುಂದೆ ನಡೆದುದನ್ನು ನೋಡಿದರೆ ಹೆಸರು ಎರಡು ಬಗೆಯಲ್ಲಿಯೂ ಅನ್ವರ್ಥವಾಯಿತೆನ್ನಬೇಕು. 1731ಕ್ಕೆ ಇಡೀ ವರ್ಷದ ವಾಕ್ಯಗಳು ಮೊದಲ ಬಾರಿಗೆ ಪುಸ್ತಕರೂಪದಲ್ಲಿ ಅಚ್ಚಾದುವು. ಆ ಪ್ರಕಟಣೆ ಇಂದಿಗೂ ವರ್ಷವರ್ಷವೂ ನಡೆದುಬರುತ್ತಿದೆ. 2025ರದು 295ನೆಯ ಆವೃತ್ತಿ. ಈಗ ಅರವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಇದು ದೊರೆಯುತ್ತದೆ.

ವಾಕ್ಯಗಳನ್ನು ಗೊತ್ತುಮಾಡುವ ಕ್ರಮ ಹೀಗಿದೆ. ಹಳೆಯ ಒಡಂಬಡಿಕೆಯಿಂದ ಆರಿಸಿ ಸಂಖ್ಯೆ ಕೊಟ್ಟಿರುವ ಸುಮಾರು 1,800 ವಾಕ್ಯಗಳ ಒಂದು ಸಂಗ್ರಹವಿದೆ. ಹೆರ್ನ್‌ಹುಟ್ಟಿನಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಂದು ದಿನಕ್ಕೂ ಒಂದೊಂದು ಚೀಟಿ ಎತ್ತುತ್ತಾರೆ. ಅನುವಾದಕ್ಕೂ ಮುದ್ರಣಕ್ಕೂ ಸಮಯ ಬೇಕಾದುದರಿಂದ ಮೂರು ವರ್ಷ ಮೊದಲೇ ಈ ಕಾರ್ಯ ನಡೆಯುತ್ತದೆ. ಆ ಬಳಿಕ ಸಂಪಾದಕರು ಬಂದ ವಾಕ್ಯಕ್ಕೆ ಹೊಂದುವಂಥ ಹೊಸ ಒಡಂಬಡಿಕೆಯ ವಾಕ್ಯವೊಂದನ್ನೂ, ಒಂದು ಹಾಡಿನ ಸಾಲನ್ನೋ ಪ್ರಾರ್ಥನೆಯನ್ನೋ ಜೋಡಿಸುತ್ತಾರೆ. ಮೊದಲನೆಯದು ಚೀಟಿಗೆ ಬಿಟ್ಟದ್ದು, ಎರಡನೆಯದು ವಿವೇಕಕ್ಕೆ ಬಿಟ್ಟದ್ದು.

ಚೀಟಿ ಎತ್ತಿ ದೈವವಚನವನ್ನು ಪಡೆಯುವುದು ಶಕುನ ನೋಡುವುದಲ್ಲವೆ ಎಂದು ವಾಚಕರು ಕೇಳಬಹುದು. ನಮ್ಮ ದೇವಾಲಯಗಳಲ್ಲಿ ದೇವರ ಬಲಗಡೆಯಿಂದ ಹೂ ಬಿದ್ದರೆ ಕಾರ್ಯಸಿದ್ಧಿಯೆಂದು ನಂಬುವವರನ್ನು ನಾವೆಲ್ಲ ಕಂಡಿದ್ದೇವೆ. ಮೊರೇವಿಯನ್ನರಿಗೂ ಒಂದು ಕಾಲದಲ್ಲಿ ಈ ಚಪಲವಿತ್ತು. ವಿವಾಹವನ್ನು ಕೂಡ ಚೀಟಿಯಿಂದ ನಿಶ್ಚಯಿಸುತ್ತಿದ್ದರು, ಕ್ರಮೇಣ ಆ ಪದ್ಧತಿಯನ್ನು ಕೈಬಿಟ್ಟರು. ಆದರೆ ನಿತ್ಯವಚನದ ಚೀಟಿಯ ಪ್ರಯೋಜನ ಬೇರೆ. ತನಗೆ ಬೇಕಾದ ವಾಕ್ಯವನ್ನು ತಾನೇ ಆರಿಸಿಕೊಳ್ಳುವವನು ಬಹುಶಃ ತನ್ನ ದನಿಯನ್ನೇ ಮತ್ತೆ ಕೇಳಿಸಿಕೊಳ್ಳುತ್ತಾನೆ. ಚೀಟಿ ಆ ಆಯ್ಕೆಯನ್ನು ಅವನ ಕೈಯಿಂದ ಕಿತ್ತುಕೊಳ್ಳುತ್ತದೆ.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ. ಸಂದರ್ಭದಿಂದ ಕಿತ್ತ ವಾಕ್ಯ ತನ್ನ ಅರ್ಥವನ್ನು ಉಳಿಸಿಕೊಳ್ಳಬಲ್ಲುದೆ? ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಾಕ್ಯವನ್ನು ನೋಡಬಹುದು. ದೇವರ ಆಲೋಚನೆಗಳು ಜನರ ಕೇಡಿಗಲ್ಲ, ಹಿತಕ್ಕೇ ಎಂಬ ಭರವಸೆ ಅದರಲ್ಲಿದೆ. ಪರೀಕ್ಷೆಗೆ ಹೊರಟ ವಿದ್ಯಾರ್ಥಿಯೂ ಉದ್ಯೋಗ ಅರಸುವವನೂ ಅದನ್ನು ತನಗೇ ಬರೆದ ಓಲೆಯೆಂದು ಭಾವಿಸುವುದು ಸುಲಭ. ಅದು ವಾಸ್ತವವಾಗಿ ಬಾಬೆಲಿಗೆ ಸೆರೆಹೋದವರಿಗೆ ಕಳಿಸಿದ ಪತ್ರದ ಭಾಗ. ಅದರ ಹಿಂದಿನ ವಾಕ್ಯವೇ ಬಿಡುಗಡೆಗೆ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಕೇಳಿದವರಲ್ಲಿ ಹೆಚ್ಚಿನವರು ಆ ದಿನವನ್ನು ಕಾಣಲಾರರು. ಅದಕ್ಕೂ ಮೊದಲು, ಪರದೇಶದಲ್ಲಿಯೇ ಮನೆ ಕಟ್ಟಿ, ತೋಟ ಹಾಕಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂಬ ಆದೇಶವಿದೆ. ಒಂದೇ ವಾಕ್ಯವನ್ನು ಓದಿದವನಿಗೆ ಸಮಾಧಾನ ಸಿಕ್ಕುತ್ತದೆ. ಅಧ್ಯಾಯವನ್ನು ಓದಿದವನಿಗೆ ಕೆಲಸ ಸಿಕ್ಕುತ್ತದೆ.

ಈ ಆಕ್ಷೇಪವನ್ನು ಎತ್ತಿದವರಲ್ಲಿ ಮುಖ್ಯರು ಈ ಪುಸ್ತಕವನ್ನು ನಿತ್ಯವೂ ಓದುತ್ತಿದ್ದವರೇ ಆದ ಡೀಟ್ರಿಕ್ ಬಾನ್‌ಹಾಫರ್. ಹಿಟ್ಲರನ ಆಳ್ವಿಕೆಯಲ್ಲಿ ಅವರು ಫಿಂಕೆನ್‌ವಾಲ್ಡೆಯಲ್ಲಿ ನಡೆಸಿದ ಗುರುಶಿಕ್ಷಣಶಾಲೆಯಲ್ಲಿ ವಿದ್ಯಾರ್ಥಿಗಳು ದಿನಕ್ಕೆ ಅರ್ಧ ಗಂಟೆ ಮೌನವಾಗಿ ಮನನ ಮಾಡಬೇಕಾಗಿತ್ತು, ಅದೂ ವಾರವೆಲ್ಲ ಒಂದೇ ಭಾಗವನ್ನು ಹಿಡಿದು. 1937ರಲ್ಲಿ ಗೆಸ್ಟಾಪೊ ಆ ಶಾಲೆಯನ್ನು ಮುಚ್ಚಿಸಿತು. ಆ ಅನುಭವದಿಂದ ಹುಟ್ಟಿ 1939ರಲ್ಲಿ ಪ್ರಕಟವಾದ, ಸಹಜೀವನವನ್ನು ಕುರಿತ ಗ್ರಂಥದಲ್ಲಿ ಅವರು ನಿತ್ಯವಚನಗಳು ಒಳ್ಳೆಯವೇ ಆದರೂ ಇಡೀ ಗ್ರಂಥದ ಕ್ರಮವಾದ ವಾಚನಕ್ಕೆ ಅವು ಬದಲಾಗಲಾರವೆಂದು ಸ್ಪಷ್ಟವಾಗಿ ವಾದಿಸಿದ್ದಾರೆ.

ಅದೇ ವರ್ಷದ ಜೂನಿನಲ್ಲಿ ಅವರು ನ್ಯೂಯಾರ್ಕಿನಲ್ಲಿದ್ದರು. ಅಲ್ಲಿಯೇ ಉಳಿದರೆ ಪ್ರಾಣಕ್ಕೆ ಅಪಾಯವಿರಲಿಲ್ಲ. ಚಳಿಗಾಲಕ್ಕೆ ಮೊದಲೇ ಬರಲು ಯತ್ನಿಸೆಂದು ಪೌಲನು ತಿಮೊಥೆಯನಿಗೆ ಬರೆದ ಮಾತನ್ನು ಜೂನ್ 26ರಂದು ಅಕಸ್ಮಾತ್ತಾಗಿ ಓದಿದರೆಂದೂ, ಅದು ತಮ್ಮನ್ನು ದಿನವೆಲ್ಲ ಬಿಡಲಿಲ್ಲವೆಂದೂ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಆ ಮಾತೇ ಅವರನ್ನು ಜರ್ಮನಿಗೆ ಮರಳಿಸಿತೆಂದು ಹೇಳುವುದುಂಟು. ಕಾಲಕ್ರಮ ಇದನ್ನು ಒಪ್ಪುವುದಿಲ್ಲ: ಅಮೆರಿಕದಲ್ಲಿ ಉಳಿಯಲಾರೆನೆಂದು ಅವರು ಜೂನ್ 20ರಂದೇ ತಿಳಿಸಿಬಿಟ್ಟಿದ್ದರು. ವಾಕ್ಯ ಬಂದದ್ದು ನಿರ್ಧಾರವಾದ ಮೇಲೆ. ಅದು ದಾರಿ ತೋರಿಸಲಿಲ್ಲ, ಹಿಡಿದ ದಾರಿಯಲ್ಲಿ ನಿಲ್ಲಿಸಿತು ಎನ್ನುವುದು ಹೆಚ್ಚು ಸರಿಯೆಂದು ನಮಗೆ ತೋರುತ್ತದೆ. 1944ರ ಜುಲೈ 20ರಂದು ಹಿಟ್ಲರನ ಕೊಲೆಯ ಸಂಚು ವಿಫಲವಾಯಿತು. ಮರುದಿನ ಅವರು ಟೇಗೆಲ್ ಸೆರೆಮನೆಯಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ ಆ ಎರಡು ದಿನಗಳ ನಿತ್ಯವಚನಗಳನ್ನು ಸಂತೋಷದಿಂದ ನೆನೆದಿದ್ದಾರೆ. ತಮ್ಮ ಪಾಲಿಗೆ ಆ ವಿಫಲತೆಯ ಅರ್ಥವೇನೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಪಾರಾಯಣದ ಪಕ್ಷಕ್ಕೆ ಸ್ಕಾಟ್ಲೆಂಡಿನ ಡಂಡೀ ನಗರದ ಸಭಾಪಾಲಕ ರಾಬರ್ಟ್ ಮರ್ರೆ ಮಕ್‌ಷೇನ್ ಉತ್ತಮ ನಿದರ್ಶನ. 1842ರ ಕೊನೆಯಲ್ಲಿ ಅವರು ತಮ್ಮ ಸಭೆಗೆ ಒಂದು ವಾಚನಪಟ್ಟಿಯನ್ನು ಮಾಡಿಕೊಟ್ಟರು. ಅದರಂತೆ ದಿನಕ್ಕೆ ನಾಲ್ಕು ಅಧ್ಯಾಯಗಳಂತೆ ಓದಿದರೆ ವರ್ಷದಲ್ಲಿ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ ಮುಗಿಯುತ್ತವೆ. ಓದು ಬರಿಯ ಆಚಾರವಾಗಬಹುದು, ಓದಿದೆನೆಂಬ ಅಹಂಕಾರ ಬರಬಹುದು, ಕೆಲವರಿಗೆ ಅದು ಹೊರಲಾರದ ನೊಗವಾಗಬಹುದು ಎಂದು ಪಟ್ಟಿಯ ದೋಷಗಳನ್ನು ಅವರೇ ಎಚ್ಚರಿಸಿದ್ದು ಮೆಚ್ಚತಕ್ಕ ವಿಷಯ. ಅವರು 1843ರ ಮಾರ್ಚಿಯಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಟ್ಟಿಯ ಮೊದಲ ವರ್ಷವೇ ಇನ್ನೂ ಮುಗಿದಿರಲಿಲ್ಲ.

ಕನ್ನಡನಾಡಿಗೂ ಈ ಇತಿಹಾಸಕ್ಕೂ ದೂರದ ನಂಟೊಂದುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹಿನ್ನೆಲೆಯಲ್ಲಿದ್ದುದು ನೈರುತ್ಯ ಜರ್ಮನಿಯ ಇಂಥದೇ ಭಕ್ತಿಪಂಥ. ಹೆಬಿಕ್, ಮೋಗ್ಲಿಂಗ್ ಮೊದಲಾದವರು ಮನೆಮಂದಿಯೆಲ್ಲ ಕೂಡಿ ದಿನವೂ ಗ್ರಂಥ ಓದುವ ಆ ವ್ಯುರ್ಟೆಂಬರ್ಗ್ ಪ್ರಾಂತದಿಂದಲೇ ಬಂದವರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ ಇದೇ ಮೋಗ್ಲಿಂಗ್.

ಮನನಕ್ಕೂ ಪಾರಾಯಣಕ್ಕೂ ಇರುವ ಈ ವಿವಾದವನ್ನು ಹೆರ್ನ್‌ಹುಟ್ಟಿನ ಪುಸ್ತಕ ತನ್ನೊಳಗೇ ಇಟ್ಟುಕೊಂಡಿದೆ. ದಿನದ ವಾಕ್ಯಗಳ ಜೊತೆಯಲ್ಲಿ ಅಂದು ಓದಬೇಕಾದ ದೀರ್ಘಭಾಗಗಳ ಅಧ್ಯಾಯಸಂಖ್ಯೆಗಳನ್ನೂ ಅದರಲ್ಲಿ ಅಚ್ಚುಹಾಕಿರುತ್ತಾರೆ. ಮೂಲಗ್ರಂಥವನ್ನು ತೆರೆಯದೆ ಆ ಸಂಖ್ಯೆಗಳಿಂದ ಯಾವ ಉಪಯೋಗವೂ ಇಲ್ಲ.