ಅಗ್ನಿನಿರೋಧಕ ರಾಸಾಯನಿಕಗಳು ಮತ್ತು ಹೈನುಗಾರರ ಲೋಕಜ್ಞಾನ: ಮಿಶಿಗನ್ ಪ್ರಕರಣದ ಒಂದು ವಿವೇಚನೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಬಳಕೆಯ ವಸ್ತುಗಳ ಸ್ವರೂಪವೇ ಬದಲಾಯಿತು. ಮರ, ಹತ್ತಿ, ಉಣ್ಣೆ, ಲೋಹಗಳ ಜಾಗಕ್ಕೆ ಪ್ಲಾಸ್ಟಿಕ್, ಫೋಮ್ ಮತ್ತು ಕೃತಕ ನೂಲು ಬಂದವು. ಪೆಟ್ರೋಲಿಯಂ ಮೂಲದ ಈ ವಸ್ತುಗಳಲ್ಲಿ ಬಹಳಷ್ಟು ಬೇಗನೆ ಹೊತ್ತಿಕೊಳ್ಳುವಂಥವು. ಈ ದೋಷವನ್ನು ತಡೆಯಲು ಅವುಗಳಲ್ಲಿ ಬೆರೆಸಲಾದ ಸಂಯುಕ್ತಗಳನ್ನು ಅಗ್ನಿನಿರೋಧಕ ರಾಸಾಯನಿಕಗಳೆಂದು ಕರೆಯಲಾಗುತ್ತದೆ. ಇವು ಪರಿಸರದ ಮೇಲೂ ಆರೋಗ್ಯದ ಮೇಲೂ ಬೀರಿರುವ ಪರಿಣಾಮವನ್ನು ಸಾಮಾನ್ಯವಾಗಿ ರಸಾಯನವಿಜ್ಞಾನ ಮತ್ತು ವೈದ್ಯಕೀಯದ ನೆಲೆಯಿಂದ ಚರ್ಚಿಸಲಾಗಿದೆ. ಆದರೆ ಇದರ ಮೊದಲ ದೊಡ್ಡ ದುರಂತವನ್ನು ಗುರುತಿಸಿದವರು ಪ್ರಯೋಗಾಲಯದವರಲ್ಲ, ಹಸು ಸಾಕುವವರು. ಆ ಕಾರಣದಿಂದ ಅಮೆರಿಕದ ಮಿಶಿಗನ್ ರಾಜ್ಯದ 1973ರ ಪ್ರಕರಣವು ಜಾನಪದ ಅಧ್ಯಯನಕ್ಕೂ ಮುಖ್ಯವಾಗುತ್ತದೆ. ವೃತ್ತಿಮೂಲದ ಲೋಕಜ್ಞಾನವನ್ನು ಸಾಕ್ಷ್ಯವೆಂದು ಪರಿಗಣಿಸದಿದ್ದರೆ ಆಗುವ ನಷ್ಟವೇನು ಎಂಬುದನ್ನು ಈ ಪ್ರಕರಣದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗುಣವೇ ದೋಷವಾಗುವ ಬಗೆ

ಅಗ್ನಿನಿರೋಧಕಗಳಲ್ಲಿ ಬ್ರೋಮಿನ್, ಕ್ಲೋರಿನ್, ರಂಜಕ ಹಾಗೂ ಖನಿಜ ಮೂಲದ ಹಲವು ವರ್ಗಗಳಿವೆ. ಅವುಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದವು ಬ್ರೋಮಿನ್ ಸಂಯುಕ್ತಗಳು. ವಸ್ತು ಕಾದಾಗ ಇವುಗಳಿಂದ ಬಿಡುಗಡೆಯಾಗುವ ಬ್ರೋಮಿನ್, ಜ್ವಾಲೆಯನ್ನು ಮುಂದುವರಿಸುವ ಸರಪಳಿ ಕ್ರಿಯೆಯನ್ನು ಕಡಿದುಹಾಕುತ್ತದೆ. ಇದರಿಂದ ಬೆಂಕಿ ಪೂರ್ಣವಾಗಿ ನಿಲ್ಲುವುದಿಲ್ಲ. ಹೊತ್ತಿಕೊಳ್ಳುವುದು ಮತ್ತು ಹಬ್ಬುವುದು ತಡವಾಗುತ್ತದೆ.

ಈ ಕೆಲಸಕ್ಕೆ ಒದಗುವ ಸಂಯುಕ್ತವು ವಸ್ತುವಿನ ಬಾಳಿಕೆಯ ಉದ್ದಕ್ಕೂ ಕೆಡದೆ ಉಳಿಯಬೇಕು. ಹೊರಗೆ ಬಿದ್ದಾಗಲೂ ಅದು ಹಾಗೆಯೇ ಉಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಂದ ಅದು ಸುಲಭವಾಗಿ ವಿಘಟನೆಯಾಗದು. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವುದರಿಂದ ಪ್ರಾಣಿಗಳ ದೇಹದಲ್ಲಿ ಶೇಖರವಾಗುತ್ತದೆ. ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಹಾಲು ಕೊಬ್ಬಿನಂಶವುಳ್ಳ ಪದಾರ್ಥವಾದ್ದರಿಂದ, ತಾಯಿಯ ದೇಹದಲ್ಲಿ ಸೇರಿದ್ದು ಹಾಲಿನೊಡನೆ ಕರುವಿಗೂ ಮಗುವಿಗೂ ದಾಟುತ್ತದೆ.

ಚೀಲದ ಮೇಲಿನ ಹೆಸರು

ಮಿಶಿಗನ್ ರಾಜ್ಯದ ಸೇಂಟ್ ಲೂಯಿಸ್ ಎಂಬ ಸಣ್ಣ ಪಟ್ಟಣದಲ್ಲಿ, ಪೈನ್ ನದಿಯ ದಡದಲ್ಲಿ ಮಿಶಿಗನ್ ಕೆಮಿಕಲ್ ಕಂಪನಿಯ ಕಾರ್ಖಾನೆಯಿತ್ತು. ಅಲ್ಲಿ ತಯಾರಾಗುತ್ತಿದ್ದ ವಸ್ತುಗಳಲ್ಲಿ ಎರಡು ಇಲ್ಲಿ ಪ್ರಸ್ತುತ. ಮೊದಲನೆಯದು ‘ಫೈರ್‌ಮಾಸ್ಟರ್’. ಇದು ಪಾಲಿಬ್ರೋಮಿನೇಟೆಡ್ ಬೈಫಿನೈಲ್, ಸಂಕ್ಷಿಪ್ತವಾಗಿ ಪಿ.ಬಿ.ಬಿ., ಎಂಬ ಅಗ್ನಿನಿರೋಧಕ. ಯಂತ್ರೋಪಕರಣಗಳ ಪ್ಲಾಸ್ಟಿಕ್ ಹೊರಕವಚಗಳಲ್ಲಿ ಇದನ್ನು ಬಳಸಲಾಗುತ್ತಿತ್ತು. ಎರಡನೆಯದು ‘ನ್ಯೂಟ್ರಿಮಾಸ್ಟರ್’. ಇದು ಹಾಲು ಕರೆಯುವ ಹಸುಗಳ ಆಹಾರದಲ್ಲಿ ಬೆರೆಸುವ ಮೆಗ್ನೀಸಿಯಂ ಆಕ್ಸೈಡ್. ಎರಡೂ ಪುಡಿಯ ರೂಪದಲ್ಲಿದ್ದವು. ಬಣ್ಣದ ಗುರುತುಳ್ಳ ಅಚ್ಚಾದ ಚೀಲಗಳು ಮುಗಿದಾಗ ಸಾದಾ ಕಂದು ಚೀಲಗಳ ಮೇಲೆ ಹೆಸರನ್ನಷ್ಟೇ ಒತ್ತಿ ಎರಡನ್ನೂ ತುಂಬಲಾಯಿತು. 1973ರಲ್ಲಿ ನ್ಯೂಟ್ರಿಮಾಸ್ಟರ್ ಎಂದು ಹೋದ ಸರಕಿನಲ್ಲಿ ಕೆಲವು ನೂರು ಪೌಂಡ್‌ಗಳಷ್ಟು ಫೈರ್‌ಮಾಸ್ಟರ್ ಬ್ಯಾಟಲ್ ಕ್ರೀಕ್ ಬಳಿಯ ಪಶುಆಹಾರ ಘಟಕವನ್ನು ತಲುಪಿತು. ಅಲ್ಲಿಂದ ಅದು ರಾಜ್ಯದ ಕೊಟ್ಟಿಗೆಗಳಿಗೆ ಹರಡಿತು. ಘಟಕದ ಯಂತ್ರಗಳಲ್ಲಿ ಉಳಿದ ಅಂಶವು ಮುಂದೆ ತಯಾರಾದ ಆಹಾರದಲ್ಲಿಯೂ ಸ್ವಲ್ಪಸ್ವಲ್ಪವೇ ಬೆರೆಯುತ್ತ ಹೋಯಿತು.

ಕೊಟ್ಟಿಗೆಯ ಓದು

ಆ ವರ್ಷದ ಶರತ್ಕಾಲದಲ್ಲಿ ಹೈನುಗಾರರು ಗಮನಿಸಿದ ಲಕ್ಷಣಗಳು ಹೀಗಿವೆ: ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಕೂದಲು ಉದುರಿತು, ಚರ್ಮ ದಪ್ಪವಾಯಿತು. ಗೊರಸುಗಳು ಅಸಹಜವಾಗಿ ಬೆಳೆದುದರಿಂದ ಹಸುಗಳು ನಡೆಯಲು ಕಷ್ಟಪಟ್ಟವು. ಗಬ್ಬದ ಹಸುಗಳು ಕಂದು ಹಾಕಿದವು; ಹುಟ್ಟಿದ ಕರುಗಳೂ ಬಹುಕಾಲ ಬದುಕಲಿಲ್ಲ. ತಿಳಿದಿದ್ದ ಯಾವ ರೋಗದ ಚೌಕಟ್ಟಿಗೂ ಈ ಲಕ್ಷಣಗಳ ಗುಂಪು ಹೊಂದುತ್ತಿರಲಿಲ್ಲ.

ಪಶುಪಾಲಕರ ಜ್ಞಾನ ಪುಸ್ತಕದಿಂದ ಬಂದುದಲ್ಲ. ಪ್ರತಿ ಹಸುವಿನ ನಡಿಗೆ, ಮೆಲುಕು, ಬೆದೆ, ಹಾಲಿನ ಪ್ರಮಾಣಗಳನ್ನು ದಿನಕ್ಕೆ ಎರಡು ಬಾರಿ ಕಂಡು ರೂಢಿಯಾದ ಜ್ಞಾನ ಅದು. ವೃತ್ತಿ ಜಾನಪದವು ಗುರುತಿಸುವ ಇಂಥ ತಿಳಿವಳಿಕೆಯ ಬಲ ಹೋಲಿಕೆಯಲ್ಲಿದೆ. ನಿನ್ನೆಯ ಹಸುವಿಗೂ ಇಂದಿನ ಹಸುವಿಗೂ ಇರುವ ವ್ಯತ್ಯಾಸವನ್ನು ಅದು ಕೂಡಲೇ ಹಿಡಿಯುತ್ತದೆ. ಮಿಶಿಗನ್ನಿನ ಹೈನುಗಾರರು ‘ಹಸುವಿಗೆ ಏನೋ ಆಗಿದೆ’ ಎಂಬಷ್ಟಕ್ಕೇ ನಿಲ್ಲದೆ, ಅದು ತಿಂದ ಆಹಾರದ ಕಡೆಗೆ ಬೆರಳು ತೋರಿಸಿದ್ದರು. ಅವರಿಗೆ ದೊರೆತ ಉತ್ತರ ಬೇರೆ. ಪಾಲನೆ ಸರಿಯಿಲ್ಲವೆಂದೂ ಬೇರೆಯವರಿಂದ ಇಂಥ ದೂರು ಬಂದಿಲ್ಲವೆಂದೂ ಹಲವರಿಗೆ ಹೇಳಲಾಯಿತು. ತನ್ನದೊಂದೇ ಕೊಟ್ಟಿಗೆಯ ದುರದೃಷ್ಟವೆಂದು ನಂಬಿದವನು ನೆರೆಯವನೊಡನೆ ಮಾತಾಡಲೂ ಹಿಂಜರಿಯುತ್ತಾನೆ. ಹೀಗೆ ಲೋಕಜ್ಞಾನ ಹರಡುವ ಸಹಜ ದಾರಿಯೇ ಮುಚ್ಚಿತು.

ಈ ಮೌನವನ್ನು ಮುರಿದವರಲ್ಲಿ ಪ್ರಮುಖನು ಬ್ಯಾಟಲ್ ಕ್ರೀಕ್ ಬಳಿಯ ಹೈನುಗಾರ ರಿಕ್ ಹಾಲ್ಬರ್ಟ್. ಈತ ರಾಸಾಯನಿಕ ಎಂಜಿನಿಯರಿಂಗ್ ಓದಿದ್ದವನೂ ಆಗಿದ್ದುದು ವಿಶೇಷ. ಶಂಕಿತ ಆಹಾರವನ್ನೇ ಕೆಲವು ಕರುಗಳಿಗೆ ತಿನ್ನಿಸಿ ಪರಿಣಾಮವನ್ನು ಕಂಡುಕೊಂಡ ಈತ, ಮಾದರಿಗಳನ್ನು ಹಲವು ಪ್ರಯೋಗಾಲಯಗಳಿಗೆ ಕಳುಹಿಸಿದ. ಕೀಟನಾಶಕಗಳನ್ನು ಪತ್ತೆಹಚ್ಚುವ ಸಾಮಾನ್ಯ ಪರೀಕ್ಷೆಯ ಅವಧಿಯಲ್ಲಿ ಪಿ.ಬಿ.ಬಿ. ಕಾಣಿಸಿಕೊಳ್ಳುತ್ತಿರಲಿಲ್ಲ, ಯಂತ್ರ ಹೆಚ್ಚು ಹೊತ್ತು ಓಡಿದಾಗ ಮಾತ್ರ ಭಾರವಾದ ಅಪರಿಚಿತ ವಸ್ತುವಿನ ಗುರುತು ಮೂಡಿತು. ಅದು ಬ್ರೋಮಿನ್ ಮೂಲದ ಅಗ್ನಿನಿರೋಧಕವೆಂಬುದು 1974ರ ವಸಂತದಲ್ಲಿ ಖಚಿತವಾಯಿತು. ಆ ವೇಳೆಗೆ ಅನೇಕ ತಿಂಗಳುಗಳ ಕಾಲ ರಾಜ್ಯದ ಜನ ಆ ಹಾಲು, ಮಾಂಸ, ಮೊಟ್ಟೆಗಳನ್ನು ಸೇವಿಸಿಯಾಗಿತ್ತು.

ಮಿತಿಯ ಒಳಗೆ ಮತ್ತು ಹೊರಗೆ

ಐನೂರಕ್ಕೂ ಹೆಚ್ಚು ಕೃಷಿಕ್ಷೇತ್ರಗಳನ್ನು ಪ್ರತ್ಯೇಕಿಸಲಾಯಿತು. ಸುಮಾರು 30,000 ದನಗಳು, 4,500 ಹಂದಿಗಳು, 1,500 ಕುರಿಗಳು ಮತ್ತು 15 ಲಕ್ಷ ಕೋಳಿಗಳನ್ನು ಕೊಲ್ಲಲಾಯಿತು. ಸುಮಾರು 50 ಲಕ್ಷ ಮೊಟ್ಟೆಗಳನ್ನು ನಾಶಪಡಿಸಲಾಯಿತು. ಸಾವಿರಾರು ಹಸುಗಳನ್ನು ಕಲ್ಕಾಸ್ಕಾ ಜಿಲ್ಲೆಯಲ್ಲಿ ಗುಂಡಿಗಳನ್ನು ತೋಡಿ ಹೂಳಲಾಯಿತು. ಹೆಸರಿಟ್ಟು ಕರೆದು ಹಾಲು ಕರೆದ ದನಗಳ ಸಾವನ್ನು ಆ ಕುಟುಂಬಗಳು ಆರ್ಥಿಕ ನಷ್ಟವೆಂದಷ್ಟೇ ಅನುಭವಿಸಿರಲಾರವು.

ಕೊಬ್ಬಿನಲ್ಲಿ ಹತ್ತು ಲಕ್ಷ ಭಾಗಕ್ಕೆ 1 ಭಾಗದಷ್ಟು ಪಿ.ಬಿ.ಬಿ. ಇರಬಹುದೆಂದು ಮೊದಲು ನಿಗದಿಯಾದ ಮಿತಿಯನ್ನು 1974ರ ನವೆಂಬರಿನಲ್ಲಿ 0.3ಕ್ಕೆ ಇಳಿಸಲಾಯಿತು. 1977ರಲ್ಲಿ ಮಿಶಿಗನ್ ರಾಜ್ಯದ ಕಾನೂನು ವಧೆಗೆ ಹೋಗುವ ಹಾಲಿನ ಹಸುಗಳ ವಿಷಯದಲ್ಲಿ ಅದನ್ನು 0.02ಕ್ಕೆ ತಂದಿತು. ಈ ಅಂಕಿಗಳ ನಡುವೆ ಸಿಕ್ಕಿಕೊಂಡವರು ಅಲ್ಪ ಪ್ರಮಾಣದ ಮಾಲಿನ್ಯವಿದ್ದ ಕೊಟ್ಟಿಗೆಯ ರೈತರು. ಮಿತಿಯೊಳಗಿದ್ದುದರಿಂದ ಅವರ ಹಸುಗಳು ದಾಖಲೆಯಲ್ಲಿ ಆರೋಗ್ಯವಂತವಾಗಿದ್ದವು; ಕೊಟ್ಟಿಗೆಯಲ್ಲಿ ಕಂಡದ್ದು ಬೇರೆ. ಅಂಥ ಹಸುಗಳನ್ನು ಮಾರುಕಟ್ಟೆಗೆ ಕಳುಹಿಸಲೊಪ್ಪದೆ ಕೆಲವರು ತಾವೇ ಗುಂಡಿಟ್ಟು ಕೊಂದರು. ಇಂಥ ಒಬ್ಬ ರೈತ ಹೂಡಿದ ದಾವೆಯ ವಿಚಾರಣೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದು, 1978ರಲ್ಲಿ ತೀರ್ಪು ಆತನ ವಿರುದ್ಧವಾಯಿತು. ಅಲ್ಪ ಪ್ರಮಾಣದಿಂದ ಹಾನಿಯಾದುದು ಸಾಬೀತಾಗಿಲ್ಲವೆಂಬುದು ನ್ಯಾಯಾಲಯದ ನಿಲುವು.

ಮುಂದಿನ ತಲೆಮಾರು

ಪಿ.ಬಿ.ಬಿ.ಗೆ ಒಡ್ಡಿಕೊಂಡ ಸುಮಾರು 4,000 ಜನರ ದಾಖಲೆಯನ್ನು ರಾಜ್ಯದ ಆರೋಗ್ಯ ಇಲಾಖೆ 1970ರ ದಶಕದಲ್ಲಿ ಆರಂಭಿಸಿತು. ಮುಂದೆ ಇದರ ಹೊಣೆ ಎಮೊರಿ ವಿಶ್ವವಿದ್ಯಾಲಯಕ್ಕೆ ಬಂತು. ಈ ದಾಖಲೆಯನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದ ಫಲಿತಾಂಶ ಗಂಭೀರವಾದುದು. ಗರ್ಭದಲ್ಲಿ ಹೆಚ್ಚು ಪ್ರಮಾಣದ ಪಿ.ಬಿ.ಬಿ.ಗೆ ಒಡ್ಡಿಕೊಂಡು ಎದೆಹಾಲನ್ನೂ ಕುಡಿದ ಹೆಣ್ಣುಮಕ್ಕಳು ಇತರರಿಗಿಂತ ಸುಮಾರು ಒಂದು ವರ್ಷ ಮುಂಚೆ ಋತುಮತಿಯರಾಗಿದ್ದರು. ಕಲಬೆರಕೆಯಾದ ಆಹಾರವನ್ನು ತಾವು ನೇರವಾಗಿ ಉಣ್ಣದಿದ್ದ ಮಕ್ಕಳಿವರು. ದಶಕಗಳ ನಂತರವೂ ದಾಖಲೆಯಲ್ಲಿರುವ ಅನೇಕರ ರಕ್ತದಲ್ಲಿ ಈ ವಸ್ತು ಪತ್ತೆಯಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2013ರಲ್ಲಿ ಪಿ.ಬಿ.ಬಿ.ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳವೆಂದು ವರ್ಗೀಕರಿಸಿತು.

ಸೇಂಟ್ ಲೂಯಿಸ್‌ನ ಕಾರ್ಖಾನೆ 1978ರಲ್ಲಿ ಮುಚ್ಚಿತು. ಕಟ್ಟಡಗಳನ್ನು ಕೆಡವಿ ಅಲ್ಲಿಯೇ ಹೂಳಿ, ಒಳಗೆ ಬರಬಾರದೆಂಬ ಎಚ್ಚರಿಕೆಯ ಕಲ್ಲನ್ನು ನೆಡಲಾಯಿತು. ಸಮಾಧಿಶಿಲೆಯನ್ನು ಹೋಲುವ ಆ ಕಲ್ಲು ಪಟ್ಟಣದ ಸ್ಮೃತಿಯ ಭಾಗವಾಯಿತು. ಪೈನ್ ನದಿಯ ಮತ್ತು ಆ ನೆಲದ ಶುದ್ಧೀಕರಣ ದಶಕಗಳಿಂದ ನಡೆದಿದೆ.

ಬದಲಿಗಳ ಸರಣಿ

ಪಿ.ಬಿ.ಬಿ.ಯ ಉತ್ಪಾದನೆ ನಿಂತರೂ ಸಮಸ್ಯೆ ಮುಗಿಯಲಿಲ್ಲ. ರಚನೆಯಲ್ಲಿ ಅದನ್ನೇ ಹೋಲುವ ಪಾಲಿಬ್ರೋಮಿನೇಟೆಡ್ ಡೈಫಿನೈಲ್ ಈಥರ್‌ಗಳು, ಅಂದರೆ ಪಿ.ಬಿ.ಡಿ.ಇ.ಗಳು, ಫೋಮ್ ಮತ್ತು ಪ್ಲಾಸ್ಟಿಕ್‌ಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ಸ್ವೀಡನ್ನಿನಲ್ಲಿ ಸಂಗ್ರಹಿಸಿಟ್ಟಿದ್ದ ಎದೆಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ, 1972ರಿಂದ 1997ರವರೆಗೆ ಅವುಗಳ ಪ್ರಮಾಣ ಸುಮಾರು ಐದು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಬಂದುದು ತಿಳಿಯಿತು. ಈ ಸಂಯುಕ್ತಗಳು ಪ್ಲಾಸ್ಟಿಕ್‌ನೊಡನೆ ರಾಸಾಯನಿಕವಾಗಿ ಬೆಸೆದಿರುವುದಿಲ್ಲ. ಆದ್ದರಿಂದ ಅವು ಕ್ರಮೇಣ ಹೊರಬಂದು ಮನೆಯ ಧೂಳಿನಲ್ಲಿ ಸೇರುತ್ತವೆ. ನೆಲದ ಮೇಲೆ ಆಡುತ್ತ ಕೈಯನ್ನು ಬಾಯಿಗಿಡುವ ಮಕ್ಕಳಿಗೆ ಅಪಾಯ ಹೆಚ್ಚು. ಥೈರಾಯ್ಡ್ ಹಾರ್ಮೋನಿನ ವ್ಯವಸ್ಥೆಗೆ ಇವು ಅಡ್ಡಿಪಡಿಸಬಲ್ಲವು. ಗರ್ಭಾವಸ್ಥೆಯ ಒಡ್ಡಿಕೆಗೂ ಮಕ್ಕಳ ಬೌದ್ಧಿಕ ಬೆಳವಣಿಗೆಯ ಕುಂಠಿತಕ್ಕೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಬೆಂಕಿಯಿಂದ ರಕ್ಷಣೆ ಅಗತ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ರಕ್ಷಣೆಗೆ ರಾಸಾಯನಿಕವೊಂದೇ ದಾರಿಯಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1975ರಲ್ಲಿ ಪೀಠೋಪಕರಣಗಳ ಫೋಮಿಗೆ ವಿಧಿಸಿದ್ದ ನೇರ ಜ್ವಾಲೆಯ ಪರೀಕ್ಷೆಯನ್ನು 2013ರಲ್ಲಿ ಕೈಬಿಟ್ಟು, ಸಿಗರೇಟಿನಂಥ ಕಿಡಿಯಿಂದ ಹೊಗೆಯಾಡುವುದನ್ನು ತಡೆಯುವ ಪರೀಕ್ಷೆಯನ್ನು ತಂದಿತು. ಸೂಕ್ತ ಬಟ್ಟೆಯ ಹೊದಿಕೆಯಿಂದ, ರಾಸಾಯನಿಕ ಬೆರೆಸದೆಯೇ, ಇದನ್ನು ಸಾಧಿಸಬಹುದು.

ಭಾರತದ ಸಂದರ್ಭ

ನಿರಂತರ ಸಾವಯವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದವು 2009ರಲ್ಲಿ ಹೆಕ್ಸಾಬ್ರೋಮೋಬೈಫಿನೈಲನ್ನೂ ಪಿ.ಬಿ.ಡಿ.ಇ.ಯ ಕೆಲವು ಪ್ರಭೇದಗಳನ್ನೂ ತನ್ನ ಪಟ್ಟಿಗೆ ಸೇರಿಸಿತು. ಭಾರತ 2018ರ ನಿಯಮಗಳ ಮೂಲಕ ಇವುಗಳ ತಯಾರಿಕೆ, ಮಾರಾಟ, ಬಳಕೆ ಮತ್ತು ಆಮದನ್ನು ನಿಷೇಧಿಸಿದೆ. ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು ಉಪಕರಣಗಳಲ್ಲಿ ಪಿ.ಬಿ.ಬಿ. ಮತ್ತು ಪಿ.ಬಿ.ಡಿ.ಇ.ಗಳಿಗೆ ತೂಕದ ಶೇ. 0.1ರ ಮಿತಿ ಹಾಕಿವೆ. ಆದರೂ ನಿಷೇಧಕ್ಕೆ ಮುಂಚೆ ತಯಾರಾದ ಗಣಕಯಂತ್ರ, ದೂರದರ್ಶನಗಳ ಹೊರಕವಚಗಳು ಗುಜರಿಗೆ ಬರುತ್ತಲೇ ಇವೆ. ಅಂಥ ಪ್ಲಾಸ್ಟಿಕ್ಕನ್ನು ತೆರೆದ ಬಯಲಿನಲ್ಲಿ ಸುಟ್ಟಾಗ ಬ್ರೋಮಿನ್‌ಯುಕ್ತ ಡಯಾಕ್ಸಿನ್ ಮತ್ತು ಫ್ಯೂರಾನ್‌ಗಳು ಹೊರಬರುತ್ತವೆ. ಬೆಂಗಳೂರಿನಂಥ ನಗರಗಳಲ್ಲಿ ಇವನ್ನು ಒಡೆದು ವಿಂಗಡಿಸುವ ಅಸಂಘಟಿತ ಕೆಲಸಗಾರರು ಹೊಗೆಯ ವಾಸನೆ, ಬಣ್ಣ, ಪ್ಲಾಸ್ಟಿಕ್ ಮುರಿಯುವ ಬಗೆಗಳನ್ನು ಅನುಭವದಿಂದ ಬಲ್ಲವರು. ಅವರ ತಿಳಿವಳಿಕೆಯನ್ನೂ ದೇಹಾನುಭವವನ್ನೂ ದಾಖಲಿಸುವ ಕ್ಷೇತ್ರಕಾರ್ಯಕ್ಕೆ ಕನ್ನಡ ಜಾನಪದ ಅಧ್ಯಯನದಲ್ಲಿ ಅವಕಾಶವಿದೆ.

ಸಮಾರೋಪ

ಮಿಶಿಗನ್ ಪ್ರಕರಣದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಕೆಡದೆ ಉಳಿಯುವ ಗುಣಕ್ಕಾಗಿ ಆರಿಸಿದ ರಾಸಾಯನಿಕ ದೇಹದಲ್ಲೂ ನೆಲದಲ್ಲೂ ಕೆಡದೆ ಉಳಿಯುತ್ತದೆ. ಅದರ ಲೆಕ್ಕವನ್ನು ತಲೆಮಾರುಗಳಲ್ಲಿ ಹಾಕಬೇಕಾಗುತ್ತದೆ. ಎರಡು, ಲೋಕಜ್ಞಾನ ಪ್ರಯೋಗಾಲಯಕ್ಕೆ ಬದಲಿಯಲ್ಲ. ವಿಷದ ಹೆಸರು ಹೇಳುವುದು ಹೈನುಗಾರರಿಂದ ಸಾಧ್ಯವಿರಲಿಲ್ಲ, ಅದಕ್ಕೆ ಯಂತ್ರವೇ ಬೇಕಾಯಿತು. ಆದರೆ ಎಲ್ಲಿ ಹುಡುಕಬೇಕೆಂಬುದನ್ನು ಅವರು ಮೊದಲೇ ಹೇಳಿದ್ದರು. ಆ ಮಾತಿಗೆ ಕಿವಿಗೊಡದೆ ಕಳೆದ ತಿಂಗಳುಗಳಲ್ಲಿಯೇ ವಿಷ ಕೊಟ್ಟಿಗೆಯಿಂದ ಅಡುಗೆಮನೆಗೆ ಬಂದಿತು.