ಇಂಜಿನಿಯರಿಂಗಿನ ಮೊದಲ ಮೆಟ್ಟಿಲು

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಕಾರ್ಯಾಲಯಕ್ಕೆ ಬರುವ ಬಂಧುಗಳ ಸಂಖ್ಯೆ ಹೆಚ್ಚುತ್ತದೆ. ಬ್ಯಾಂಕಿನ ಗುಮಾಸ್ತರು ಬರುತ್ತಾರೆ. ಹೋಟೆಲಿನ ಗಲ್ಲಾದಲ್ಲಿ ಕುಳಿತುಕೊಳ್ಳುವವರು ಬರುತ್ತಾರೆ. ರಾತ್ರಿಶಾಲೆಯಲ್ಲಿ ಓದಿ ತೇರ್ಗಡೆಯಾದ ಮಾಣಿಗಳೂ ಬಂದು ಸಂಕೋಚದಿಂದ ಬಾಗಿಲ ಬಳಿ ನಿಲ್ಲುತ್ತಾರೆ. ಅವರೆಲ್ಲರ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಇಂಜಿನಿಯರ್ ಆಗಬೇಕಾದರೆ ಎಲ್ಲಿಂದ ಪ್ರಾರಂಭಿಸಬೇಕು?" ನಾವು ಬಾಯಿ ತೆರೆಯುವ ಮೊದಲೇ ಅವರೇ ಉತ್ತರವನ್ನೂ ಹೇಳಿಬಿಡುತ್ತಾರೆ: "ಅದು ನಮ್ಮಂಥವರಿಗಲ್ಲ ಬಿಡಿ, ಲಕ್ಷಗಟ್ಟಲೆ ಹಣ ಬೇಕು."

ನಾವು ಸ್ವತಃ ಓದಿದ್ದು ಎಸ್.ಎಸ್.ಎಲ್.ಸಿ.ಯ ತನಕ ಮಾತ್ರ. ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ಮುಂಬಯಿಯಲ್ಲಿ ಹೋಟೆಲು ನಡೆಸಿದವರು. ಇಂಜಿನಿಯರಿಂಗ್ ಶಾಸ್ತ್ರದ ವಿಷಯದಲ್ಲಿ ಪಾಠ ಹೇಳುವ ಅಧಿಕಾರ ನಮಗಿಲ್ಲ. ಆದರೆ ಆ ವೃತ್ತಿಯ ಮೊದಲ ಮೆಟ್ಟಿಲು ಯಾವುದು, ಅದರ ಮೇಲೆ ಕಾಲಿಡಹೊರಟವನನ್ನು ತಡೆಯುವುದು ಯಾವುದು ಎಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಒಮ್ಮೆ ತಡೆದವರು ನಾವೇ ಆಗಿದ್ದೆವು. ಆ ಸಂಗತಿಯನ್ನು ಮರೆಮಾಚದೆ ಹೇಳಿಬಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮ್ಮ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬನಿದ್ದ. ವಯಸ್ಸು ಹದಿನೆಂಟು, ಊರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಬಂದಿದ್ದ. ಒಂದು ಸಂಜೆ, ಮರುದಿನದ ಇಡ್ಲಿಗೆ ಉದ್ದು ರುಬ್ಬುವ ಹೊತ್ತಿಗೆ ಗ್ರೈಂಡರು ನಿಂತುಹೋಯಿತು. ಮೋಟಾರು ಗುಂಯ್ ಎಂದು ಸದ್ದು ಮಾಡುತ್ತಿತ್ತೇ ಹೊರತು ಕಲ್ಲು ತಿರುಗುತ್ತಿರಲಿಲ್ಲ. ಮೋಟಾರು ಸುಟ್ಟಿತೆಂದೇ ಭಾವಿಸಿ ನಾವು ಮಿಸ್ತ್ರಿಗೆ ಹೇಳಿಕಳುಹಿಸಿದೆವು. ಅಷ್ಟರಲ್ಲಿ ಆ ಹುಡುಗನು ವಿದ್ಯುತ್ತನ್ನು ಆರಿಸಿ, ಬೆಲ್ಟನ್ನು ಕಳಚಿ, ಮೋಟಾರಿನ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿದ. ಅದು ಸಲೀಸಾಗಿ ತಿರುಗಿತು. "ಧಣಿಗಳೇ, ಮೋಟಾರು ಸುಟ್ಟಿಲ್ಲ. ಹೊರಡುವಾಗ ಅದಕ್ಕೆ ಬಲ ಕೊಡುವ ಕೆಪಾಸಿಟರು ಹೋಗಿರಬೇಕು" ಎಂದ. ಮಿಸ್ತ್ರಿ ಬಂದವನು ಹೇಳಿದ್ದೂ ಅದನ್ನೇ. ನಿನಗಿದು ಹೇಗೆ ಗೊತ್ತೆಂದು ಕೇಳಿದಾಗ, "ಊರಿನಲ್ಲಿ ನಮ್ಮ ನೆರೆಮನೆಯ ಪಂಪು ಹೀಗೆಯೇ ನಿಂತಿತ್ತು. ಏಕೆ ಎಂದು ರಿಪೇರಿಯವರನ್ನು ಕೇಳಿ ತಿಳಿದುಕೊಂಡಿದ್ದೆ" ಎಂದು ಉತ್ತರಿಸಿದ.

ಆ ಹುಡುಗನು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಅರ್ಜಿ ಹಾಕಿದ್ದ. ಪ್ರಮಾಣಪತ್ರಗಳನ್ನು ಹಾಜರುಪಡಿಸಬೇಕಾದ ದಿನ ರಜೆ ಬೇಡಿದ. ಅಂದು ಇಬ್ಬರು ಕೆಲಸಗಾರರು ಊರಿಗೆ ಹೋಗಿದ್ದರು. ಹೋಟೆಲಿನಲ್ಲಿ ಜನ ಸಾಲದು. "ಇವತ್ತು ಆಗದು, ನಾಳೆ ಹೋಗು" ಎಂದೆವು. ನಾಳೆ ಹೋಗುವಷ್ಟರಲ್ಲಿ ಅವಕಾಶ ಮುಗಿದಿತ್ತು. ಅವನು ನಮ್ಮೆದುರು ಒಂದು ಮಾತೂ ಆಡಲಿಲ್ಲ. ಎಂದಿನಂತೆ ನೀರಿನ ಲೋಟಗಳನ್ನು ಮೇಜುಗಳಿಗೆ ಒಯ್ದಿಟ್ಟ. ಕೆಲವು ತಿಂಗಳ ಅನಂತರ ನಮ್ಮಲ್ಲಿ ಕೆಲಸ ಬಿಟ್ಟು ಬೇರೊಬ್ಬರ ಹೋಟೆಲಿಗೆ ಸೇರಿದ. ಅವನ ಮುಂದಿನ ಕಥೆಯನ್ನು ಕೊನೆಯಲ್ಲಿ ಹೇಳುತ್ತೇವೆ.

ಇಂಜಿನಿಯರ್ ಎಂದೊಡನೆ ಕನ್ನಡಿಗರ ನಾಲಗೆಗೆ ಬರುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಕೃಷ್ಣರಾಜಸಾಗರವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅವರ ವೃತ್ತಿಜೀವನ ಪ್ರಾರಂಭವಾದದ್ದು ಮೈಸೂರಿನಲ್ಲಲ್ಲ, ಇಂದು ನಮಗೆ ಅನ್ನ ನೀಡುತ್ತಿರುವ ಈ ಮಹಾರಾಷ್ಟ್ರದಲ್ಲಿಯೇ ಎಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆಪಾಡು ನೋಡಿಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದರು. ಮೈಸೂರು ಸರಕಾರ ವಿದ್ಯಾರ್ಥಿವೇತನ ಕೊಟ್ಟಿತು. ಅದನ್ನು ನಂಬಿ ಪುಣೆಗೆ ಬಂದರು. ಅಲ್ಲಿಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ 1883ರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನಾಸಿಕದಲ್ಲಿ ಕೆಲಸಕ್ಕೆ ನಿಂತರು. ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದು 1903ರಲ್ಲಿ; ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಹೋದದ್ದು 1909ರಲ್ಲಿ.

ಅವರ ಬುದ್ಧಿಶಕ್ತಿ ಎಲ್ಲರಿಗೂ ಬರುವಂಥದಲ್ಲ. ಆದರೆ ಅವರಿಗೆ ದೊರೆತ ಪ್ರಾರಂಭವನ್ನು ಗಮನಿಸಬೇಕು. ತಂದೆಯಿಲ್ಲದ ಹುಡುಗನಿಗೆ ಯಾರೋ ಮನೆಪಾಠದ ಕೆಲಸ ಕೊಟ್ಟರು; ಓದಲು ಸಮಯ ಉಳಿಯಿತು. ಒಂದು ಸರಕಾರ ವಿದ್ಯಾರ್ಥಿವೇತನ ಕೊಟ್ಟಿತು. ಪರಸ್ಥಳಕ್ಕೆ ಹೋಗುವ ಧೈರ್ಯ ಬಂದಿತು. ಈ ಎರಡು ನೆರವುಗಳಲ್ಲಿ ಒಂದು ತಪ್ಪಿದ್ದರೂ ಮುದ್ದೇನಹಳ್ಳಿಯ ಆ ಹುಡುಗನು ಪುಣೆಯನ್ನು ಕಾಣುತ್ತಿದ್ದನೇ ಎಂಬುದು ಸಂದೇಹ.

ಇನ್ನೊಂದು ಸಂಗತಿಯೂ ವಿಚಾರಯೋಗ್ಯವಾಗಿದೆ. ಅವರು ಓದಿದ ಆ ಪುಣೆಯ ವಿದ್ಯಾಸಂಸ್ಥೆ 1854ರಲ್ಲಿ ಪ್ರಾರಂಭವಾದದ್ದು ದೊಡ್ಡ ಇಂಜಿನಿಯರುಗಳನ್ನು ತಯಾರಿಸುವುದಕ್ಕಲ್ಲ. ರಸ್ತೆ ಕಟ್ಟಡಗಳ ಕೆಲಸದಲ್ಲಿ ಬೇಕಾಗುವ ಕೆಳದರ್ಜೆಯ ಮೇಲ್ವಿಚಾರಕರಿಗೆ ತರಬೇತಿ ಕೊಡುವುದಕ್ಕೆ. ಚೆನ್ನೈಯ ಪ್ರಸಿದ್ಧ ಗಿಂಡಿ ಇಂಜಿನಿಯರಿಂಗ್ ಕಾಲೇಜಿನ ಮೂಲವೂ 1794ರಲ್ಲಿ ಎಂಟು ಮಂದಿ ಹುಡುಗರಿಂದ ಆರಂಭವಾದ ಒಂದು ಭೂಮಾಪನ ಶಾಲೆ. ನಮ್ಮ ದೇಶದಲ್ಲಿ ಇಂಜಿನಿಯರಿಂಗ್ ವಿದ್ಯೆ ಹೀಗೆ ಕೆಳಗಿನ ಮೆಟ್ಟಿಲಿನಿಂದ ಮೇಲೇರಿ ಬಂದಿದೆ. ಕೆಳಗಿನಿಂದ ಹತ್ತುವವನು ನಾಚಬೇಕಾದ ಕಾರಣವೇ ಇಲ್ಲ.

ಆ ಮೆಟ್ಟಿಲುಗಳು ಇಂದಿಗೂ ಇವೆ. ಅವುಗಳನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಐ.ಟಿ.ಐ. ಕುಶಲ ಕೆಲಸಗಾರರ ತರಬೇತಿಯ ಈ ಯೋಜನೆಯನ್ನು ಭಾರತ ಸರಕಾರ 1950ರಲ್ಲಿ ಆರಂಭಿಸಿತು. ಎಲೆಕ್ಟ್ರಿಷಿಯನ್, ಫಿಟ್ಟರ್ ಮುಂತಾದ ಕಸುಬುಗಳಿಗೆ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿರಬೇಕು, ಅವಧಿ ಎರಡು ವರ್ಷ. ವೆಲ್ಡಿಂಗಿನಂತಹ ಕಸುಬುಗಳ ಅವಧಿ ಒಂದೇ ವರ್ಷ. ಸರಕಾರಿ ಸಂಸ್ಥೆಗಳಲ್ಲಿ ಶುಲ್ಕ ಬಹಳ ಕಡಿಮೆ.

ಎರಡನೆಯದು ಅಪ್ರೆಂಟಿಸ್ ಕೆಲಸ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಗಳು ಅಭ್ಯರ್ಥಿಗಳನ್ನು ತೆಗೆದುಕೊಂಡು ಕೆಲಸ ಕಲಿಸಬೇಕು; ಕಲಿಯುವ ಕಾಲದಲ್ಲಿ ತಿಂಗಳು ತಿಂಗಳು ವೇತನವನ್ನೂ ಕೊಡಬೇಕು. ರೈಲ್ವೆಯ ಕಾರ್ಯಾಗಾರಗಳಲ್ಲಿಯೂ ಇಂತಹ ಅವಕಾಶವಿದೆ. ಮನೆಗೆ ಹಣ ಕಳುಹಿಸಲೇಬೇಕಾದ ಹುಡುಗನಿಗೆ ಇದು ದೊಡ್ಡ ಆಸರೆ.

ಮೂರನೆಯದು ಡಿಪ್ಲೊಮಾ. ಎಸ್.ಎಸ್.ಎಲ್.ಸಿ. ಆದವನು ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಓದಿದರೆ ಡಿಪ್ಲೊಮಾ ದೊರೆಯುತ್ತದೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವನಿಗೆ ಕರ್ನಾಟಕ, ಮಹಾರಾಷ್ಟ್ರಗಳಂತಹ ರಾಜ್ಯಗಳಲ್ಲಿ ನೇರವಾಗಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಲು ಅವಕಾಶವುಂಟು. ಡಿಪ್ಲೊಮಾ ಮುಗಿಸಿದವನು ಜೂನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು. ಓದು ಮುಂದುವರಿಸುವ ಮನಸ್ಸಿದ್ದರೆ ಬಿ.ಇ. ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಗುಮಾಸ್ತರಾದ ನಮ್ಮ ಬಂಧುಗಳು ಮಗನ ಪಿ.ಯು.ಸಿ.ಗೂ ಪ್ರವೇಶಪರೀಕ್ಷೆಯ ತರಬೇತಿಗೂ ಸಾಲ ಮಾಡುವ ಮುನ್ನ ಈ ದಾರಿಯನ್ನೂ ತೂಗಿ ನೋಡಬೇಕು. ಈ ದಾರಿಯಲ್ಲಿ ಎಲ್ಲಿ ನಿಂತರೂ ಕೈಯಲ್ಲಿ ಒಂದು ಕಸುಬು ಇರುತ್ತದೆ.

ಹಗಲು ಕೆಲಸ ಬಿಡಲಾಗದವರ ವಿಷಯದಲ್ಲಿ ಎರಡು ಎಚ್ಚರಿಕೆಯ ಮಾತುಗಳಿವೆ. ನೌಕರಿಯಲ್ಲಿದ್ದುಕೊಂಡೇ ಪರೀಕ್ಷೆ ಕಟ್ಟಿ ಇಂಜಿನಿಯರಾಗಲು ಹಿಂದೆ ಎ.ಎಂ.ಐ.ಇ. ಎಂಬ ದಾರಿಯಿತ್ತು, ನಮ್ಮವರಲ್ಲಿ ಅನೇಕರು ಆ ದಾರಿಯಿಂದಲೇ ಮೇಲೆ ಬಂದರು. ಆದರೆ ಅದನ್ನು ಪದವಿಗೆ ಸಮಾನವೆಂದು ಕೇಂದ್ರ ಸರಕಾರ ಪರಿಗಣಿಸುವುದು 2013ರ ಮೇ 31ರ ತನಕ ನೋಂದಾಯಿಸಿಕೊಂಡವರಿಗೆ ಮಾತ್ರ. ಎರಡನೆಯದಾಗಿ, ಮನೆಯಲ್ಲಿಯೇ ಕುಳಿತು ಅಂಚೆಯ ಮೂಲಕ ಬಿ.ಇ. ಪಡೆಯಬಹುದೆಂದು ಹೇಳುವ ಏಜೆಂಟರನ್ನು ನಂಬಬೇಡಿ. ಅಂತಹ ಅಂಚೆ ಶಿಕ್ಷಣದ ಇಂಜಿನಿಯರಿಂಗ್ ಪದವಿಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿದೆ. ಇದಕ್ಕೆ ಬದಲಾಗಿ, ಕೆಲಸದಲ್ಲಿರುವವರಿಗೆ ಅನುಕೂಲವಾದ ಹೊತ್ತಿನಲ್ಲಿ ತರಗತಿ ನಡೆಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2023ರಿಂದ ಕೆಲವು ಕಾಲೇಜುಗಳಿಗೆ ಅನುಮತಿ ಕೊಟ್ಟಿದೆ. ಯಾವ ಕಾಲೇಜಿಗೇ ಆಗಲಿ, ಹಣ ಕಟ್ಟುವ ಮೊದಲು ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಬೇಕು. ಊರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಪರರಾಜ್ಯಕ್ಕೆ ಬಂದವರು ವಾಸ್ತವ್ಯದ ಪ್ರಮಾಣಪತ್ರದ ನಿಯಮವನ್ನೂ ಮೊದಲೇ ವಿಚಾರಿಸಿ ತಿಳಿಯಬೇಕು. ಇಲ್ಲಿ ಸೀಟು ಸಿಗದವನಿಗೆ ಊರಿನ ಪಾಲಿಟೆಕ್ನಿಕ್ಕು ಹತ್ತಿರವಾದೀತು.

"ನಾವು ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷ್ ಪುಸ್ತಕ ಹೇಗೆ ಅರ್ಥವಾದೀತು?" ಎಂಬ ಅಂಜಿಕೆಯನ್ನೂ ನಾವು ಕೇಳಿದ್ದೇವೆ. ಅಂಜಿಕೆ ಸಹಜವಾದುದೇ. ಆದರೆ ಈಗ ಪರಿಷತ್ತೇ ಡಿಪ್ಲೊಮಾ ಮತ್ತು ಪದವಿಯ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿಯೂ ಹೊರತಂದಿದೆ. ಇ-ಕುಂಭ ಎಂಬ ಅದರ ಜಾಲತಾಣದಲ್ಲಿ ಅವು ಉಚಿತವಾಗಿ ದೊರೆಯುತ್ತವೆ. ವಿಷಯವನ್ನು ಕನ್ನಡದಲ್ಲಿ ತಿಳಿದುಕೊಂಡು, ಶಬ್ದಗಳನ್ನು ಇಂಗ್ಲಿಷಿನಲ್ಲಿ ಕಲಿತರೆ ಅರ್ಧ ಭಾರ ಇಳಿದಂತೆ. ಗಣಿತವನ್ನು ಮಾತ್ರ ಕೈಬಿಡಬಾರದು. ಡಿಪ್ಲೊಮಾದ ಮೊದಲ ವರ್ಷದಲ್ಲಿ ಎಡವುವವರು ಬಹುಮಟ್ಟಿಗೆ ಎಡವುವುದು ಗಣಿತದಲ್ಲಿಯೇ.

ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಒಂದು ಮಾತು. ಗಿಂಡಿ ಕಾಲೇಜಿನಲ್ಲಿ ಓದಿದ ಎ. ಲಲಿತಾ ಎಂಬವರು ಹದಿನೆಂಟನೆಯ ವಯಸ್ಸಿನಲ್ಲಿ ವಿಧವೆಯಾದಾಗ ಅವರ ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸಿತ್ತು. ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ತಂದೆ ಮಗಳನ್ನು ಮನೆಯ ಮೂಲೆಯಲ್ಲಿ ಕೂರಿಸಲಿಲ್ಲ. ಇಂಜಿನಿಯರಿಂಗ್ ತರಗತಿಗೆ ಸೇರಿಸಿದರು. ಲಲಿತಾ 1943ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಮುಗಿಸಿ, ನಮ್ಮ ದೇಶದ ಪ್ರಪ್ರಥಮ ಮಹಿಳಾ ಇಂಜಿನಿಯರುಗಳಲ್ಲಿ ಒಬ್ಬರಾದರು. ಮುಂದೆ ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಕೆಲಸದಲ್ಲಿಯೂ ಅವರ ಕೈಯಿತ್ತು. ಅಂದು ಅವರಿಗೆ ದೊರೆತ ಮೊದಲ ನೆರವು ಮನೆಯ ಹಿರಿಯರ ಒಪ್ಪಿಗೆ. ಅದಕ್ಕೆ ಕಾಸು ಖರ್ಚಿಲ್ಲ.

ನಮ್ಮ ಸಂಘಸಂಸ್ಥೆಗಳ ಹಿರಿಯರಲ್ಲಿಯೂ ಒಂದು ವಿಜ್ಞಾಪನೆಯಿದೆ. ವಾರ್ಷಿಕೋತ್ಸವದಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದವರಿಗೆ ಹಾರ ಹಾಕಿ ವಿದ್ಯಾರ್ಥಿವೇತನ ಕೊಡುತ್ತೇವೆ, ಅದು ಸಂತೋಷವೇ. ಆದರೆ ಹಗಲೆಲ್ಲ ಮೇಜು ಒರೆಸಿ, ರಾತ್ರಿ ಓದಿ, ಐವತ್ತೈದು ಅಂಕ ಪಡೆದು ಐ.ಟಿ.ಐ. ಸೇರಿದ ಹುಡುಗನನ್ನು ವೇದಿಕೆಗೆ ಕರೆದದ್ದನ್ನು ನಾವು ಕಂಡದ್ದು ಬಹು ಅಪರೂಪ. ಅವನಿಗೆ ಬೇಕಾದುದು ಸಣ್ಣ ಮೊತ್ತ: ಉಪಕರಣಗಳ ಪೆಟ್ಟಿಗೆ, ಪುಸ್ತಕ, ರೈಲಿನ ಪಾಸು. ದೊಡ್ಡ ಮೊತ್ತವನ್ನು ಒಬ್ಬನಿಗೆ ಕೊಡುವಲ್ಲಿ ಸಣ್ಣ ಮೊತ್ತವನ್ನು ಹತ್ತು ಮಂದಿಗೆ ಕೊಡಲಾಗದೇ?

ಇನ್ನು ಆ ಹುಡುಗನ ವಿಚಾರ. ಅವನು ಸೇರಿದ ಹೋಟೆಲಿನ ಧಣಿಗಳು ಮುಂಜಾನೆ ಮೂರು ತಾಸು, ರಾತ್ರಿ ನಾಲ್ಕು ತಾಸು ಕೆಲಸ ಕೊಟ್ಟು ನಡುವಿನ ಹಗಲನ್ನು ಅವನಿಗೇ ಬಿಟ್ಟುಕೊಟ್ಟರು. ಅವನು ಮುಂದಿನ ವರ್ಷ ಐ.ಟಿ.ಐ. ಸೇರಿದ, ಅನಂತರ ಡಿಪ್ಲೊಮಾ ಮಾಡಿದ. ಈಗ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಜೂನಿಯರ್ ಇಂಜಿನಿಯರ್. ಕಳೆದ ವರ್ಷ ಮದುವೆಯ ಕರೆಯೋಲೆ ಕೊಡಲು ನಮ್ಮ ಕಾರ್ಯಾಲಯಕ್ಕೆ ಬಂದಿದ್ದ. ಹಳೆಯ ಮಾತನ್ನು ಅವನು ತೆಗೆಯಲಿಲ್ಲ, ನಾವೇ ತೆಗೆದೆವು. "ಅಂದು ಒಂದು ದಿನ ರಜೆ ಕೊಡಬೇಕಾಗಿತ್ತು, ತಪ್ಪು ಮಾಡಿದೆವು" ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನನಗೇನೂ ನಷ್ಟವಾಗಲಿಲ್ಲ, ಧಣಿಗಳೇ. ಒಂದು ವರ್ಷ ತಡವಾಯಿತು, ಅಷ್ಟೇ. ಆದರೆ ತಮ್ಮನ ಎಸ್.ಎಸ್.ಎಲ್.ಸಿ. ಮುಗಿದಾಗ ನನ್ನ ಕೈಗೆ ಇನ್ನೂ ಸಂಬಳ ಬರುತ್ತಿರಲಿಲ್ಲ. ಮುಂದೆ ಓದಿಸುವವರಿರಲಿಲ್ಲ. ಅವನೂ ಹೋಟೆಲಿಗೆ ಬಂದ. ಈಗ ಓದು ಎಂದರೆ ಬೇಡವೆನ್ನುತ್ತಾನೆ."

ಅವನ ಮಾತಿನಲ್ಲಿ ದೂರು ಇರಲಿಲ್ಲ. ಅದರಿಂದಲೇ ನಮಗೆ ಹೆಚ್ಚು ನೋವಾಯಿತು. ನಾವು ತಡೆದದ್ದು ಒಬ್ಬನನ್ನು, ನಿಂತುಹೋದವನು ಇನ್ನೊಬ್ಬ.

ಹೋಟೆಲು ನಡೆಸುವ ಬಂಧುಗಳೇ, ಪ್ರವೇಶದ ದಿನಗಳು ಬಂದಾಗ ನಿಮ್ಮ ಹುಡುಗನು ಗಲ್ಲಾದ ಮುಂದೆ ನಿಂತು ಒಂದು ದಿನದ ರಜೆ ಕೇಳಿಯಾನು. ಅಂದು ಜನ ಸಾಲದೆ ಹೋದರೆ ನೀವೇ ಎದ್ದು ಒಂದೆರಡು ಮೇಜಿಗೆ ತಿಂಡಿ ಕೊಡಿ, ಅವನನ್ನು ಕಳುಹಿಸಿ. ಹುಡುಗರೇ, ನೀವೂ ಕೊನೆಯ ದಿನದ ತನಕ ಕಾಯಬೇಡಿ. ಪ್ರಮಾಣಪತ್ರಗಳನ್ನು ಈಗಲೇ ಊರಿನಿಂದ ತರಿಸಿಟ್ಟುಕೊಳ್ಳಿ, ದಿನಾಂಕವನ್ನು ಧಣಿಗಳಿಗೆ ವಾರದ ಮೊದಲೇ ತಿಳಿಸಿ. ಅರ್ಜಿ ತುಂಬಲು ಬಾರದವರು ನಮ್ಮ ಕಾರ್ಯಾಲಯಕ್ಕೆ ಬನ್ನಿರಿ. ಸಂಜೆ ಏಳರ ಅನಂತರ ನಾವು ಇಲ್ಲಿಯೇ ಇರುತ್ತೇವೆ.