ಹಳೆಯ ದೋಣಿಗೆ ಹೊಸ ಕಣ್ಣು

1995ರ ಜೂನ್ 10, ರಾತ್ರಿ ಹತ್ತು ಗಂಟೆ ಇಪ್ಪತ್ತೈದು ನಿಮಿಷ. ಬರ್ಮುಡಾದಿಂದ ಬಾಸ್ಟನ್ ಕಡೆಗೆ ಹೊರಟಿದ್ದ ‘ರಾಯಲ್ ಮೆಜೆಸ್ಟಿ’ ಎಂಬ ಪ್ರವಾಸಿ ಹಡಗು ಅಮೆರಿಕದ ನಾಂಟಕೆಟ್ ದ್ವೀಪದ ಪೂರ್ವಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿ ಮರಳದಿಬ್ಬವೊಂದಕ್ಕೆ ಏರಿ ನಿಂತುಬಿಟ್ಟಿತು. ಹಡಗಿನಲ್ಲಿದ್ದವರು 1,509 ಮಂದಿ. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಆದರೆ ಹಡಗಿನ ಅಧಿಕಾರಿಗಳು ತಾವು ಇದ್ದೇವೆಂದು ನಂಬಿದ್ದ ಜಾಗಕ್ಕೂ ನಿಜವಾಗಿ ಇದ್ದ ಜಾಗಕ್ಕೂ ಸುಮಾರು 17 ಮೈಲಿ ಅಂತರವಿತ್ತು!

ಆ ಹಡಗಿನಲ್ಲಿ ಉಪಕರಣಗಳಿಗೇನೂ ಕೊರತೆ ಇರಲಿಲ್ಲ. ಉಪಗ್ರಹಗಳ ಸಂಕೇತ ಹಿಡಿದು ಸ್ಥಾನ ಹೇಳುವ ಜಿಪಿಎಸ್ ಇತ್ತು. ಭೂಮಿಯ ಮೇಲಿನ ರೇಡಿಯೋ ಕೇಂದ್ರಗಳನ್ನು ನಂಬಿದ್ದ ಲೋರಾನ್-ಸಿ ಇತ್ತು. ರಾಡಾರ್ ಇತ್ತು, ನೀರಿನ ಆಳ ಅಳೆಯುವ ಎಕೋ ಸೌಂಡರ್ ಇತ್ತು. ಹಾಗಿದ್ದರೆ ಆದದ್ದೇನು? ಹಡಗು ಹೊರಟ ಸುಮಾರು ಒಂದು ಗಂಟೆಯೊಳಗೆ ಜಿಪಿಎಸ್‌ನ ಆಂಟೆನಾದಿಂದ ಒಂದು ಕೇಬಲ್ ಕಳಚಿಕೊಂಡಿತ್ತು. ಉಪಗ್ರಹಗಳ ಸಂಪರ್ಕ ತಪ್ಪಿದ ಜಿಪಿಎಸ್, ಹಡಗಿನ ವೇಗ ಮತ್ತು ದಿಕ್ಕನ್ನು ಹಿಡಿದು ಅಂದಾಜು ಲೆಕ್ಕ ಹಾಕತೊಡಗಿತು. ಗಾಳಿ ಮತ್ತು ಪ್ರವಾಹ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದುದು ಆ ಲೆಕ್ಕಕ್ಕೆ ಸಿಗಲಿಲ್ಲ. ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಸೂಚನೆ ಮೂಡಿತ್ತು, ಒಂದು ಕ್ಷಣ ‘ಬೀಪ್’ ಸದ್ದೂ ಆಗಿತ್ತು. ಯಾರೂ ಗಮನಿಸಲಿಲ್ಲ. ಜಿಪಿಎಸ್ ‘ಈ ಅಂಕಿ ನಂಬಲರ್ಹವಲ್ಲ’ ಎಂಬ ಗುರುತನ್ನು ಕಳಿಸುತ್ತಿದ್ದರೂ ಸ್ವಯಂಚಾಲಿತ ಚುಕ್ಕಾಣಿಯ ವ್ಯವಸ್ಥೆ ಅದನ್ನು ಓದುವಂತೆ ರಚಿತವಾಗಿರಲಿಲ್ಲ. ಹೀಗೆ 34 ಗಂಟೆಗಳ ಪಯಣ ಸಾಗಿತು. ಪಕ್ಕದಲ್ಲೇ ಇದ್ದ ಲೋರಾನ್ ಸರಿಯಾದ ಸ್ಥಾನವನ್ನೇ ತೋರಿಸುತ್ತಿತ್ತು. ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಅಲೆದರು ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ?

ಸಾವಿರಾರು ಜನರನ್ನು ಹೊತ್ತ ಹಡಗಿನ ಗತಿಯೇ ಹೀಗಾದರೆ, ಅದೇ ನೀರಿನಲ್ಲಿ ರಜಾದಿನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ವಿಹಾರಕ್ಕೆ ಹೊರಡುವ ಪುಟ್ಟ ಮೋಟಾರು ದೋಣಿಯ ಪಾಡೇನು?

ಮಂಜಿನ ನಾಡು

ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯಲ್ಲಿ ಇಂಥ ದೋಣಿಗಳು ಬಹಳ. ನಮ್ಮಲ್ಲಿ ಹಳೆಯ ಕಾರು ಕೈಬದಲಾಗುವಂತೆ ಅಲ್ಲಿ ಹಳೆಯ ದೋಣಿಗಳು ಕೈಬದಲಾಗುತ್ತವೆ. ಫೈಬರ್ ಗಾಜಿನ ಒಡಲು ಚೆನ್ನಾಗಿ ನೋಡಿಕೊಂಡರೆ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಎಂಜಿನ್ನನ್ನು ಬಿಚ್ಚಿ ರಿಪೇರಿ ಮಾಡಬಹುದು. ಮೊದಲು ಮುಪ್ಪು ಬರುವುದು ಚುಕ್ಕಾಣಿಯ ಎದುರು ಸಾಲಾಗಿ ಕುಳಿತ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ.

ಬೇಸಿಗೆಯ ಆರಂಭದಲ್ಲಿ ಈ ಕರಾವಳಿಯಲ್ಲಿ ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಸಮುದ್ರದ ಮೇಲೆ ಹಾಯುವಾಗ ದಟ್ಟ ಮಂಜು ಕವಿಯುತ್ತದೆ. ಬೆಳಿಗ್ಗೆ ಕಣ್ಣಿಗೆ ಕಾಣುತ್ತಿದ್ದ ದಡ ಮಧ್ಯಾಹ್ನದೊಳಗೆ ಮಾಯವಾಗಬಹುದು. ಆಗ ದೋಣಿಯವನಿಗೆ ಕಣ್ಣು ಕಿವಿ ಎಲ್ಲವೂ ಆ ಪೆಟ್ಟಿಗೆಗಳೇ.

1990ರ ದಶಕದಲ್ಲಿ ತಯಾರಾದ ಮೂವತ್ತು ಅಡಿಯ ದೋಣಿಯೊಂದನ್ನು ಒಬ್ಬ ಗೃಹಸ್ಥ ಕೊಂಡನೆಂದು ಇಟ್ಟುಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಏನೇನಿರುತ್ತದೆ? ಒಂದು ಲೋರಾನ್-ಸಿ, ಹಳೆಯ ಟೀವಿಯಂಥ ಗಾಜಿನ ಕೊಳವೆಯ ರಾಡಾರ್, ಒಂದು ಎಕೋ ಸೌಂಡರ್, ಒಂದು ವಿಎಚ್‌ಎಫ್ ರೇಡಿಯೋ, ಬಹುಶಃ ಮೊದಲ ತಲೆಮಾರಿನ ಜಿಪಿಎಸ್, ಮತ್ತು ಮಧ್ಯದಲ್ಲಿ ಒಂದು ದಿಕ್ಸೂಚಿ. ಗುಂಡಿ ಒತ್ತಿದರೆ ಎಲ್ಲವೂ ಬೆಳಗುತ್ತವೆ. ಬೆಳಗುವುದೆಲ್ಲ ಕೆಲಸ ಮಾಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಕೆಡದೆಯೂ ಕೆಲಸಕ್ಕೆ ಬಾರದವು

ಲೋರಾನ್-ಸಿ ಪೆಟ್ಟಿಗೆಯನ್ನೇ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೋರಾನ್ ವಿಧಾನದ ಸುಧಾರಿತ ರೂಪ ಇದು. ದಡದ ಮೇಲಿನ ಕೇಂದ್ರಗಳು 100 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತಿದ್ದವು. ಎರಡು ಕೇಂದ್ರಗಳ ಸಂಕೇತಗಳು ತಲುಪುವ ಹೊತ್ತಿನ ವ್ಯತ್ಯಾಸವನ್ನು ಅಳೆದರೆ ನಕ್ಷೆಯ ಮೇಲೆ ಒಂದು ಹೈಪರ್ಬೋಲ ವಕ್ರರೇಖೆ ಸಿಗುತ್ತದೆ. ಇನ್ನೊಂದು ಜೋಡಿಯಿಂದ ಇನ್ನೊಂದು ರೇಖೆ. ಅವು ಕೂಡುವ ಬಿಂದುವೇ ದೋಣಿಯ ಸ್ಥಾನ. ಪಿಯುಸಿಯಲ್ಲಿ ಹೈಪರ್ಬೋಲ ಕಲಿಯುತ್ತ ‘ಇದರಿಂದ ಏನು ಪ್ರಯೋಜನ?’ ಎಂದು ಗೊಣಗುವ ವಿದ್ಯಾರ್ಥಿಗೆ ಇಲ್ಲಿದೆ ಉತ್ತರ. ಆದರೆ 2010ರ ಫೆಬ್ರವರಿ 8ರಂದು ಅಮೆರಿಕ ಈ ಸಂಕೇತಗಳನ್ನು ನಿಲ್ಲಿಸಿತು. ಅಂದಿನಿಂದ ಪೆಟ್ಟಿಗೆ ಸರಿಯಾಗಿದ್ದರೂ ಅದಕ್ಕೆ ಕೇಳಿಸುವಂಥದ್ದು ಏನೂ ಇಲ್ಲ. ಅದನ್ನು ಬಿಚ್ಚಿ ಇಳಿಸುವುದೊಂದೇ ದಾರಿ.

ಹಳೆಯ ಜಿಪಿಎಸ್‌ನ ಕತೆ ಇನ್ನೂ ಸ್ವಾರಸ್ಯ. ಅದು ಗಣಿತದ ಕಾರಣಕ್ಕೆ ಎಡವುತ್ತದೆ. ಜಿಪಿಎಸ್ ವ್ಯವಸ್ಥೆ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತ ಬಂದಿದೆ. ಆ ಎಣಿಕೆಗೆ ಮೂಲ ಸಂಕೇತದಲ್ಲಿ ಕೊಟ್ಟಿರುವುದು ಹತ್ತೇ ಬಿಟ್. ಎರಡರ ಹತ್ತನೇ ಘಾತ 1024. ಅಂದರೆ 1024 ವಾರಗಳಾದ ಮೇಲೆ, ಸುಮಾರು ಹತ್ತೊಂಬತ್ತೂವರೆ ವರ್ಷಕ್ಕೊಮ್ಮೆ, ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹಾಗಾಯಿತು. ಇದಕ್ಕೆ ಸಿದ್ಧವಾಗಿರದ ಹಳೆಯ ಉಪಕರಣಗಳು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸತೊಡಗುತ್ತವೆ. ಕೆಲವು ಸ್ಥಾನವನ್ನೇ ಹೇಳದೆ ಕುಳಿತುಬಿಡುತ್ತವೆ.

ಹೀಗೆ ಯಾವುದು ಸತ್ತಿದೆ, ಯಾವುದು ಸುಳ್ಳು ಹೇಳುತ್ತಿದೆ, ಯಾವುದು ಇನ್ನೂ ನಂಬಿಕೆಗೆ ಅರ್ಹ ಎಂದು ವಿಂಗಡಿಸುವುದೇ ಮೊದಲ ಕೆಲಸ. ಅಂಗಡಿಗೆ ಹೋಗುವುದು ಆಮೇಲೆ.

ಮೇಲೆ ಥಳಕು, ಒಳಗೆ ಹುಳುಕು

ಹೆಚ್ಚಿನವರು ತಪ್ಪುವುದು ಇಲ್ಲಿ. ಹನ್ನೆರಡು ಇಂಚಿನ ಬಣ್ಣದ ಪರದೆಯ ಹೊಸ ಚಾರ್ಟ್ ಪ್ಲಾಟರ್ ತಂದು, ಹಳೆಯ ಪೆಟ್ಟಿಗೆ ಇದ್ದ ತೂತಿನಲ್ಲಿ ಕೂರಿಸಿ, ಹಳೆಯ ವೈರಿಗೇ ಜೋಡಿಸಿಬಿಡುತ್ತಾರೆ. ಎಂಜಿನ್ ಚಾಲೂ ಮಾಡಿದ ಕ್ಷಣ ಪರದೆ ಆರಿ ಹೋಗುತ್ತದೆ. ಪರದೆಯ ತಪ್ಪಲ್ಲ ಅದು, ವೈರಿನ ತಪ್ಪು.

ಹತ್ತನೇ ತರಗತಿಯ ಓಮನ ನಿಯಮವೊಂದೇ ಸಾಕು ಇದನ್ನು ತಿಳಿಯಲು. 12 ವೋಲ್ಟ್ ಬ್ಯಾಟರಿಯಿಂದ ಹತ್ತು ಮೀಟರ್ ದೂರದ ರಾಡಾರಿಗೆ 3 ಆಂಪಿಯರ್ ವಿದ್ಯುತ್ ಹೋಗಬೇಕು. ಹೋಗಿ ಬರುವ ದಾರಿ ಸೇರಿ ವೈರಿನ ಉದ್ದ 20 ಮೀಟರ್. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0172 ಓಮ್ ರೋಧ. ಗುಣಿಸಿದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಸೋರಿಹೋಗುತ್ತದೆ, ಅಂದರೆ ನೂರಕ್ಕೆ ಎಂಟೂವರೆ ಭಾಗ. ನಾಲ್ಕು ಚದರ ಮಿಲಿಮೀಟರ್‌ನ ತಂತಿ ಎಳೆದರೆ ಸೋರಿಕೆ ಕಾಲು ವೋಲ್ಟಿಗೆ ಇಳಿಯುತ್ತದೆ. ಇಂಥ ಉಪಕರಣಗಳಿಗೆ ನೂರಕ್ಕೆ ಮೂರು ಭಾಗಕ್ಕಿಂತ ಹೆಚ್ಚು ನಷ್ಟವಾಗಬಾರದೆಂಬುದು ಅಮೆರಿಕದ ದೋಣಿ ಕಟ್ಟುವವರು ಪಾಲಿಸುವ ಕಟ್ಟಳೆ. ಜತೆಗೆ ಉಪ್ಪುಗಾಳಿ ತಾಮ್ರವನ್ನು ಹಸಿರಾಗಿಸಿ ತಿನ್ನುತ್ತದೆ. ಆದ್ದರಿಂದ ತವರ ಲೇಪಿಸಿದ ತಂತಿಯನ್ನೇ ಬಳಸುತ್ತಾರೆ. ಪ್ರತಿ ಉಪಕರಣಕ್ಕೂ ಅದರದೇ ಫ್ಯೂಸು ಇರಬೇಕು.

ಆದುದರಿಂದಲೇ ಅನುಭವಿಗಳು ಸತ್ತ ವೈರುಗಳನ್ನೆಲ್ಲ ಎಳೆದು ತೆಗೆದು, ಉಳಿದ ಒಂದೊಂದಕ್ಕೂ ಎರಡೂ ತುದಿಯಲ್ಲಿ ಹೆಸರಿನ ಚೀಟಿ ಕಟ್ಟುತ್ತಾರೆ. ಒಂದು ವಾರಾಂತ್ಯದ ಬೇಸರದ ಕೆಲಸ. ಆದರೆ ಮಂಜಿನ ನಡುವೆ ಯಾವುದೋ ಒಂದು ಆರಿಹೋದಾಗ ಆ ಚೀಟಿಯ ಬೆಲೆ ತಿಳಿಯುತ್ತದೆ.

ಒಂದಕ್ಕೊಂದು ಮಾತಾಡುವ ಬಗೆ

ಹಳೆಯ ಉಪಕರಣಗಳು ಮಾತಾಡುವ ಭಾಷೆಗೆ ಎನ್‌ಎಂಇಎ 0183 ಎಂದು ಹೆಸರು. 1983ರಲ್ಲಿ ಬಂದ ಈ ಕ್ರಮದಲ್ಲಿ ಒಂದು ಪೆಟ್ಟಿಗೆ ಹೇಳುತ್ತದೆ, ಉಳಿದವು ಕೇಳಿಸಿಕೊಳ್ಳುತ್ತವೆ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 4,800 ಬಿಟ್. ಹೊಸದಾದ ಎನ್‌ಎಂಇಎ 2000 ಕ್ರಮದಲ್ಲಿ ವೇಗ ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್. ಇದು ಮೋಟಾರು ವಾಹನಗಳಿಗೆಂದು ಹುಟ್ಟಿದ ವ್ಯವಸ್ಥೆಯ ಮೇಲೆ ಕಟ್ಟಿದ್ದು. ಊರ ಮಧ್ಯದ ಒಂದೇ ಬೀದಿಗೆ ಎಲ್ಲ ಮನೆಗಳ ಬಾಗಿಲು ತೆರೆದಂತೆ, ಒಂದು ಮುಖ್ಯ ಕೇಬಲ್ಲಿಗೆ ಎಲ್ಲ ಉಪಕರಣಗಳೂ ಸೇರುತ್ತವೆ. ಆ ಬೀದಿಯ ಎರಡೂ ತುದಿಗೆ 120 ಓಮ್‌ನ ಒಂದೊಂದು ರೋಧಕ ಇರಲೇಬೇಕು. ಇಲ್ಲವಾದರೆ ಸಂಕೇತ ತುದಿಗೆ ಬಡಿದು ಹಿಂದಿರುಗಿ ಗೊಂದಲ ಮಾಡುತ್ತದೆ. ಎರಡೂ ಇವೆಯೇ ಎಂದು ತಿಳಿಯಲು ವಿದ್ಯುತ್ ಆರಿಸಿ ಮೀಟರ್ ಇಟ್ಟು ನೋಡಿದರಾಯಿತು. ಸಮಾಂತರ ಜೋಡಣೆಯಲ್ಲಿ 120 ಮತ್ತು 120 ಸೇರಿ 60 ಓಮ್ ಬರಬೇಕು. 120 ಬಂದರೆ ಒಂದು ಕಳಚಿದೆ ಎಂದರ್ಥ.

ಹಳೆಯದೆಲ್ಲವನ್ನೂ ಎಸೆಯಬೇಕಿಲ್ಲ. ಎಕೋ ಸೌಂಡರಿನ ತಳಭಾಗ ದೋಣಿಯ ಅಡಿಯಲ್ಲಿ ತೂತು ಕೊರೆದು ಕೂರಿಸಿದ್ದು. ಅದನ್ನು ಬದಲಿಸಲು ದೋಣಿಯನ್ನು ನೀರಿನಿಂದ ಮೇಲೆತ್ತಬೇಕು. ಹೊಸ ಪರದೆಗೆ ಅದು ಹೊಂದಿಕೊಂಡರೆ ಹಾಗೆಯೇ ಉಳಿಸುತ್ತಾರೆ. ಅದರ ತತ್ವ ಬದಲಾಗಿಲ್ಲ: ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಪ್ರತಿಧ್ವನಿ 0.04 ಸೆಕೆಂಡಿನಲ್ಲಿ ಮರಳಿದರೆ ಹೋಗಿಬಂದ ದೂರ 60 ಮೀಟರ್, ಆಳ 30 ಮೀಟರ್. ಆಳದ ಎಚ್ಚರಿಕೆ ಗಂಟೆಯನ್ನು ಮಾತ್ರ ಮರೆಯದೆ ಹೊಂದಿಸಬೇಕು. ‘ರಾಯಲ್ ಮೆಜೆಸ್ಟಿ’ಯಲ್ಲಿ ಅದನ್ನು ಸೊನ್ನೆ ಮೀಟರಿಗೆ ಇಟ್ಟಿದ್ದರು!

ರೇಡಿಯೋ ವಿಷಯದಲ್ಲಿ ಮಾತ್ರ ಹಳೆಯದರ ಮೋಹ ಬೇಡ. ಹೊಸ ವಿಎಚ್‌ಎಫ್ ರೇಡಿಯೋಗಳಲ್ಲಿ ಕೆಂಪು ಮುಚ್ಚಳದ ಗುಂಡಿ ಇರುತ್ತದೆ. ಆಪತ್ತಿನಲ್ಲಿ ಒತ್ತಿ ಹಿಡಿದರೆ ದೋಣಿಯ ಒಂಬತ್ತು ಅಂಕಿಯ ಗುರುತು ಸಂಖ್ಯೆ ಮತ್ತು ಅದಿರುವ ಸ್ಥಾನ ತಾವಾಗಿಯೇ ರಕ್ಷಣಾ ಪಡೆಗೆ ಹೋಗುತ್ತವೆ. ಗಾಬರಿಯಲ್ಲಿ ಮಾತು ಹೊರಡದ ಮಗುವೂ ಒತ್ತಬಹುದಾದ ಗುಂಡಿ. ಆದರೆ ಷರತ್ತು ಎರಡು: ಸಂಖ್ಯೆಯನ್ನು ನೋಂದಾಯಿಸಿರಬೇಕು, ರೇಡಿಯೋಗೆ ಸ್ಥಾನದ ಮಾಹಿತಿ ಸಿಗುವಂತಿರಬೇಕು. ಹೊರಗಿನ ಜಿಪಿಎಸ್ ನಂಬಿದ ರೇಡಿಯೋ ಆದರೆ ಎರಡು ಸಣ್ಣ ವೈರು ಜೋಡಿಸುವ ಕೆಲಸ. ಅದನ್ನು ಮಾಡದೆ ಬಿಟ್ಟ ದೋಣಿಯ ಕರೆ ‘ಕಾಪಾಡಿ’ ಎನ್ನುತ್ತದೆ, ಎಲ್ಲಿಗೆ ಬರಬೇಕೆಂದು ಹೇಳುವುದಿಲ್ಲ.

ಆಕಾಶದಲ್ಲೂ ಮುಪ್ಪು

ಉಪಕರಣ ಹಳತಾಗುವುದು ದೋಣಿಯಲ್ಲಿ ಮಾತ್ರವಲ್ಲ. ಭಾರತದ್ದೇ ಆದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹ ಮೇಲೇರಿದ್ದು 2013ರ ಜುಲೈ 1ರಂದು. ಆ ವ್ಯವಸ್ಥೆಗಾಗಿ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಸಂಚರಣಾ ಕೇಂದ್ರ ಆರಂಭವಾದದ್ದೂ ಅದೇ ವರ್ಷ. ಆ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು 2017ರ ವೇಳೆಗೆ ಕೈಕೊಟ್ಟಿದ್ದವು. ಗಡಿಯಾರ ಕೆಟ್ಟರೆ ಇಂಥ ಉಪಗ್ರಹ ಸ್ಥಾನ ಹೇಳಲಾರದು. ಏಕೆಂದರೆ ಹೊತ್ತಿನಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದ ಅಳತೆ 300 ಮೀಟರ್ ತಪ್ಪುತ್ತದೆ. ದೇಶದಲ್ಲೇ ರೂಪಿಸಿದ ರುಬಿಡಿಯಂ ಗಡಿಯಾರ ಹೊತ್ತ ಎನ್‌ವಿಎಸ್-01 ಉಪಗ್ರಹ 2023ರ ಮೇ 29ರಂದು ಹಾರಿತು. ದೋಣಿಯವನ ಚಿಂತೆಯೂ ಇಸ್ರೋ ವಿಜ್ಞಾನಿಗಳ ಚಿಂತೆಯೂ ಒಂದೇ ಜಾತಿಯದು!

ದಿಕ್ಸೂಚಿಗೆ ನಮಸ್ಕಾರ

ಎಲ್ಲ ಮುಗಿದ ಮೇಲೂ ಒಂದು ವಸ್ತು ತನ್ನ ಜಾಗದಲ್ಲೇ ಇರುತ್ತದೆ. ಅದಕ್ಕೆ ವಿದ್ಯುತ್ ಬೇಡ, ಉಪಗ್ರಹ ಬೇಡ. ಅದೇ ದಿಕ್ಸೂಚಿ. ಆದರೆ ಹೊಸ ಪೆಟ್ಟಿಗೆಯನ್ನೋ ಅಯಸ್ಕಾಂತವಿರುವ ಸ್ಪೀಕರನ್ನೋ ಅದರ ಪಕ್ಕದಲ್ಲಿಟ್ಟರೆ ಮುಳ್ಳು ವಾಲುತ್ತದೆ. ಆದ್ದರಿಂದ ಕೂರಿಸುವ ಮುಂಚೆ ಹೊಸ ಉಪಕರಣವನ್ನು ಕೈಯಲ್ಲಿ ಹಿಡಿದು ಹತ್ತಿರ ತಂದು ಮುಳ್ಳು ಅಲುಗುತ್ತದೆಯೇ ಎಂದು ನೋಡಬೇಕು.

ಕಾಗದದ ನಕ್ಷೆಯ ಮಾತೂ ಹಾಗೆಯೇ. ಅಮೆರಿಕದ ಸರ್ಕಾರಿ ಸಂಸ್ಥೆ ‘ನೋಆ’ ಹಳೆಯ ಪದ್ಧತಿಯ ಕಾಗದದ ಸಮುದ್ರ ನಕ್ಷೆಗಳನ್ನು ಕೈಬಿಡುವುದಾಗಿ 2019ರಲ್ಲಿ ಪ್ರಕಟಿಸಿ, ಮುಂದಿನ ಐದಾರು ವರ್ಷಗಳಲ್ಲಿ ಆ ಕೆಲಸವನ್ನು ಪೂರೈಸಿತು. ಆದರೂ ವಿದ್ಯುನ್ಮಾನ ನಕ್ಷೆಯಿಂದ ತಮಗೆ ಬೇಕಾದ ಭಾಗವನ್ನು ಮುದ್ರಿಸಿಕೊಳ್ಳುವ ಅನುಕೂಲವನ್ನು ಅದೇ ಸಂಸ್ಥೆ ಒದಗಿಸಿದೆ. ಜಾಣ ದೋಣಿಗರು ಆ ಹಾಳೆಯನ್ನು ಚುಕ್ಕಾಣಿಯ ಪಕ್ಕ ಇಟ್ಟುಕೊಳ್ಳುತ್ತಾರೆ.

ಕೊನೆಯ ಪರೀಕ್ಷೆ ಸಮುದ್ರದಲ್ಲಿ. ಬಿಸಿಲು ಬೆಳಗಿದ ದಿನ, ಗೊತ್ತಿರುವ ದಾರಿಯಲ್ಲಿ ಹೊರಡಬೇಕು. ಪರದೆ ತೋರಿಸುವ ತೇಲುಗುರುತು ಕಣ್ಣಿಗೆ ಕಾಣುವಲ್ಲೇ ಇದೆಯೇ? ನಕ್ಷೆ ಹೇಳುವ ಆಳವನ್ನೇ ಎಕೋ ಸೌಂಡರ್ ಹೇಳುತ್ತಿದೆಯೇ? ಆಮೇಲೆ ಬೇಕೆಂದೇ ಪರದೆ ಆರಿಸಿ, ದಿಕ್ಸೂಚಿ, ಗಡಿಯಾರ ಮತ್ತು ಕಾಗದದ ಬಲದಿಂದ ದಡಕ್ಕೆ ಮರಳಬೇಕು. ಒಂದು ತಾಸಿನ ಈ ಪಾಠದಲ್ಲಿ ಜತೆಗಿರುವ ಮಕ್ಕಳಿಗೆ ವೇಗ, ಕಾಲ, ದೂರದ ಲೆಕ್ಕ ಯಾವ ಮನೆಪಾಠವೂ ಇಲ್ಲದೆ ತಲೆಗೆ ಹತ್ತುತ್ತದೆ.

1995ರ ಆ ರಾತ್ರಿ ಹಡಗನ್ನು ಉಳಿಸಲು ಹೊಸ ಉಪಕರಣವೇನೂ ಬೇಕಿರಲಿಲ್ಲ. 34 ಗಂಟೆಗಳಲ್ಲಿ ಯಾರಾದರೊಬ್ಬರು ಒಮ್ಮೆ ಪಕ್ಕದ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.